ಮಗು ನಿಲ್ಲಿಸಿ ಅಂದಾಗ ಗಾಡಿ ನಿಲ್ಲಿಸಿ

ಕೇಳುಗರೆಲ್ಲರಿಗೂ ನಮಸ್ಕಾರ.

ಮಕ್ಕಳನ್ನು ಕರೆದುಕೊಂಡು ಆಫ್ರಿಕಾದ ಸಫಾರಿಗೆ ಹೋಗಬೇಕು ಅಂತ ಕ್ಯಾಲೆಂಡರ್ ಮುಂದಿಟ್ಟುಕೊಂಡು ಕೂತಿರುವ ಅಪ್ಪ-ಅಮ್ಮಂದಿರ ಜೊತೆ ಇವತ್ತು ನನ್ನ ಮಾತು. ಎಷ್ಟೋ ವರ್ಷಗಳಿಂದ ಕುಟುಂಬಗಳ ಜೊತೆ ಕೀನ್ಯಾದ ಮಸಾಯಿ ಮಾರ, ತಾಂಜಾನಿಯಾದ ಸೆರೆಂಗೆಟಿ, ದಕ್ಷಿಣ ಆಫ್ರಿಕಾದ ಕ್ರೂಗರ್ ಅಂತ ತಿರುಗುತ್ತಿದ್ದೇನೆ. ಎಲ್ಲರೂ ಮೊದಲು ಕೇಳುವುದು ಒಂದೇ. "ಮೇಡಂ, ಸಿಂಹ ಸಿಗುತ್ತಾ?"

ಸಿಗುತ್ತದೆ. ಆದರೆ ದಿನಕ್ಕೆ 20 ಗಂಟೆವರೆಗೂ ಬಿದ್ದುಕೊಂಡೇ ಇರುವ ಪ್ರಾಣಿ ಅದು. ಎಷ್ಟೋ ಸಲ ನಿಮಗೆ ಕಾಣುವುದು ಪೊದೆಯ ಕೆಳಗೆ ಒಂದು ಹೊಟ್ಟೆ, ನಾಲ್ಕು ಕಾಲು. ದೊಡ್ಡವರು ಅದನ್ನೇ ಅರ್ಧ ಗಂಟೆ ನೋಡುತ್ತಾರೆ. ಏಳು ವರ್ಷದ ಮಗು ಐದು ನಿಮಿಷ ನೋಡಿ, "ಹೋಗೋಣ್ವಾ?" ಅನ್ನುತ್ತದೆ. ಅದರಲ್ಲಿ ಮಗುವಿನ ತಪ್ಪೇನೂ ಇಲ್ಲ.

ಹಾಗಾಗಿ ನಾನು ಹೇಳುವುದು ಒಂದೇ ಮಾತು. ಮಗು ಎಲ್ಲಿ ನಿಲ್ಲಿಸಿ ಅನ್ನುತ್ತದೋ ಅಲ್ಲಿ ಗಾಡಿ ನಿಲ್ಲಿಸಿ. ಎಷ್ಟು ಹೊತ್ತು ನೋಡುತ್ತದೋ ಅಷ್ಟು ಹೊತ್ತು ನಿಲ್ಲಿಸಿ. ಎಲ್ಲಿಗೆ ಹೋಗಬೇಕು, ಯಾವ ತಿಂಗಳು, ಎಂಥ ಗಾಡಿ, ಎಲ್ಲವನ್ನೂ ಇದಕ್ಕೆ ತಕ್ಕ ಹಾಗೆ ಯೋಚಿಸಿ.

"ಬಿಗ್ ಫೈವ್" ಅನ್ನುವ ಮಾತು ನೀವು ಕೇಳಿರುತ್ತೀರಿ. ಸಿಂಹ, ಚಿರತೆ, ಆನೆ, ಕಾಡೆಮ್ಮೆ, ಘೇಂಡಾಮೃಗ. ಈ ಐದೂ ಕಂಡರೆ ದುಡ್ಡು ವಸೂಲಿ ಅಂತ ಜನ ತಿಳಿದಿದ್ದಾರೆ. ಆ ಪಟ್ಟಿ ಮಾಡಿದವರು ಯಾರು ಗೊತ್ತಾ? ಬೇಟೆಗಾರರು. ನಡೆದುಕೊಂಡು ಹೋಗಿ ಹೊಡೆಯುವುದಕ್ಕೆ ಯಾವ ಪ್ರಾಣಿ ಕಷ್ಟ, ಯಾವುದು ಅಪಾಯ ಅಂತ ಮಾಡಿಕೊಂಡ ಲೆಕ್ಕ ಅದು. ಅದನ್ನು ಹಿಡಿದುಕೊಂಡು ಮಕ್ಕಳ ರಜೆ ಯಾಕೆ ಯೋಜಿಸಬೇಕು ಹೇಳಿ.

ಮಸಾಯಿ ಮಾರದಲ್ಲಿ ನಡೆದ ಒಂದು ಸಂಗತಿ ಹೇಳುತ್ತೇನೆ. ಗಾಡಿಯಲ್ಲಿ ಅಪ್ಪ, ಅಮ್ಮ, ಹತ್ತು ವರ್ಷದ ಹುಡುಗ, ಏಳು ವರ್ಷದ ಹುಡುಗಿ, ನಾನು. ಬೆಳಗ್ಗೆ ಎಂಟೂವರೆ ಇರಬಹುದು. ರೇಡಿಯೊದಲ್ಲಿ "ದುಮಾ, ದುಮಾ" ಅಂತ ಕೇಳಿಸಿತು. ಅಲ್ಲಿನ ಸ್ವಾಹಿಲಿ ಭಾಷೆಯಲ್ಲಿ ದುಮಾ ಅಂದರೆ ಚೀತಾ. ನಮ್ಮ ಚಾಲಕರು ಗಾಡಿ ತಿರುಗಿಸಿದರು. ಅಪ್ಪ ಕ್ಯಾಮೆರಾ ಹೊರಗೆ ತೆಗೆದರು. ಇನ್ನೂರು ಮೀಟರ್ ಹೋಗಿಲ್ಲ, ಹುಡುಗಿ ಕಿರುಚಿದಳು. "ನಿಲ್ಸಿ! ನಿಲ್ಸಿ! ಏನೋ ಉರುಳ್ತಾ ಇದೆ!"

ಗಾಡಿ ನಿಂತಿತು. ಮುಂದೆ ಮಣ್ಣಿನ ದಾರಿ. ಅದರಲ್ಲಿ ಹಿಂದಿನ ದಿನದ ಮಳೆಗೆ ಬಿದ್ದ ಚಕ್ರದ ಜಾಡು, ಒಂದು ಗೇಣು ಆಳ. ಆ ಜಾಡಿನೊಳಗೆ ಒಂದು ಸಗಣಿ ಹುಳ. ಅದರ ಜೊತೆ ಲಿಂಬೆಹಣ್ಣಿನಷ್ಟು ದೊಡ್ಡ ಉಂಡೆ.

ಅಪ್ಪ ನನ್ನ ಮುಖ ನೋಡಿದರು. "ಮೇಡಂ, ಚೀತಾ..." ಅಂದರು. ಎರಡು ನಿಮಿಷ ಇರಿ ಅಂದೆ.

ಆ ಹುಳ ಉಂಡೆಯನ್ನು ಕೈಯಲ್ಲಿ ತಳ್ಳುವುದಿಲ್ಲ. ತಲೆ ಕೆಳಗೆ ಮಾಡಿ, ಮುಂಗಾಲು ನೆಲಕ್ಕೆ ಊರಿ, ಹಿಂಗಾಲಲ್ಲಿ ತಳ್ಳುತ್ತಾ ಹಿಂದೆ ಹಿಂದೆ ನಡೆಯುತ್ತದೆ. ಜಾಡಿನ ಗೋಡೆ ಹತ್ತಿಸುತ್ತದೆ. ಅರ್ಧ ಹತ್ತುತ್ತದೆ. ಉಂಡೆ ಜಾರುತ್ತದೆ, ಹುಳವೂ ಅದರ ಜೊತೆ ಪಲ್ಟಿ. ಮತ್ತೆ ಎದ್ದು ಉಂಡೆ ಹುಡುಕಿ, ಅದರ ಮೇಲೆ ಹತ್ತಿ, ಒಂದು ಸುತ್ತು ತಿರುಗಿ, ಇಳಿದು, ಮತ್ತೆ ತಳ್ಳುತ್ತದೆ. ಮೂರನೇ ಸಲ ಬಿದ್ದಾಗ ಹುಡುಗ ಎಣಿಸತೊಡಗಿದ. ಆರನೇ ಸಲಕ್ಕೆ ಅಮ್ಮ ಕಿಟಕಿಗೆ ಬಂದರು. ಒಂಬತ್ತನೇ ಸಲ ಬಿದ್ದಾಗ, "ಅಯ್ಯೋ, ಇನ್ನೊಂಚೂರು ಇತ್ತಲ್ಲೇ!" ಅಂದಿದ್ದು ಆ ಅಪ್ಪನೇ.

"ಆಂಟಿ, ಅದು ಮೇಲೆ ಹತ್ತಿ ಯಾಕೆ ಡ್ಯಾನ್ಸ್ ಮಾಡ್ತಿದೆ?" ಅಂತ ಹುಡುಗಿ ಕೇಳಿದಳು.

ಎಂಥ ಪ್ರಶ್ನೆ ಅಲ್ವಾ! ಈ ಪ್ರಶ್ನೆಯ ಹಿಂದೆ ವಿಜ್ಞಾನಿಗಳು ವರ್ಷಗಟ್ಟಲೆ ಬಿದ್ದಿದ್ದರು. ಆ ಹುಳ ಆಕಾಶ ನೋಡಿ ದಿಕ್ಕು ಹಿಡಿಯುತ್ತಿದೆ. ಲದ್ದಿಯ ಗುಡ್ಡೆಯ ಹತ್ತಿರ ಉಂಡೆ ಕದಿಯುವ ಹುಳಗಳು ಬೇಕಾದಷ್ಟು. ಅವುಗಳಿಂದ ಬೇಗ ದೂರ ಹೋಗಬೇಕಾದರೆ ನೇರ ದಾರಿಯಲ್ಲೇ ಹೋಗಬೇಕು. ಹಗಲಲ್ಲಿ ಅದಕ್ಕೆ ಸೂರ್ಯ ಗುರುತು. ರಾತ್ರಿ ಓಡಾಡುವ ಒಂದು ಜಾತಿ ಆಕಾಶಗಂಗೆಯ ಬೆಳಕಿನ ಪಟ್ಟೆಯನ್ನು ಗುರುತು ಇಟ್ಟುಕೊಳ್ಳುತ್ತದೆ. ಸ್ವೀಡನ್ ಮತ್ತು ದಕ್ಷಿಣ ಆಫ್ರಿಕಾದ ವಿಜ್ಞಾನಿಗಳು 2013ರಲ್ಲಿ ಇದನ್ನು ತೋರಿಸಿದರು. ಹುಳಗಳ ತಲೆಗೆ ಪುಟ್ಟ ಟೋಪಿ ಹಾಕಿ ಆಕಾಶ ಕಾಣದ ಹಾಗೆ ಮಾಡಿದರು. ಆಗ ಅವು ದಾರಿ ತಪ್ಪಿ ಸುತ್ತತೊಡಗಿದವು. ಜೊಹಾನ್ಸ್‌ಬರ್ಗ್‌ನ ತಾರಾಲಯದೊಳಗೆ ಬಿಟ್ಟು ಆಕಾಶಗಂಗೆಯನ್ನಷ್ಟೇ ತೋರಿಸಿದರು. ನೇರವಾಗಿ ನಡೆದವು. ಟೋಪಿ ಹಾಕಿದ ಹುಳದ ಕಥೆ ಕೇಳಿ ಆ ಮಕ್ಕಳ ಕಣ್ಣು ಎಷ್ಟು ದೊಡ್ಡದಾಯಿತು ಅಂತೀರಿ!

ಹದಿನಾಲ್ಕನೇ ಸಲಕ್ಕೆ ಹುಳ ಜಾಡು ಹತ್ತಿತು. ಗಾಡಿಯಲ್ಲಿ ಎಲ್ಲರೂ ಸದ್ದಾಗದ ಹಾಗೆ ಕೈ ಎತ್ತಿ ಕುಣಿದರು. ನಲವತ್ತು ನಿಮಿಷ ಕಳೆದಿತ್ತು. ಚೀತಾ ಇದ್ದ ಕಡೆ ಹೋದೆವು. ಸುತ್ತ ಹದಿನೈದು ಗಾಡಿ, ನಡುವೆ ಹುಲ್ಲಿನಲ್ಲಿ ಎರಡು ಕಿವಿ. ಅಷ್ಟೇ ಕಂಡಿದ್ದು.

ಮಾರನೇ ದಿನದಿಂದ ಆ ಮಕ್ಕಳಿಗೆ ಬೇಕಾಗಿದ್ದು ಪ್ರಾಣಿಗಿಂತ ಜಾಸ್ತಿ ಪ್ರಾಣಿಯ ಲದ್ದಿ. ಇದು ಯಾರದ್ದು, ಅದು ಯಾರದ್ದು? ಆನೆಯ ಲದ್ದಿಯಲ್ಲಿ ಅರಗದ ನಾರು, ಕಡ್ಡಿ ಹಾಗೇ ಇರುತ್ತದೆ. ಜಿರಾಫೆ ಅಷ್ಟು ಎತ್ತರ ಇದ್ದರೂ ಅದರದ್ದು ಪುಟ್ಟ ಪುಟ್ಟ ಹಿಕ್ಕೆ. ಕತ್ತೆಕಿರುಬದ್ದು ಒಣಗಿದ ಮೇಲೆ ಸುಣ್ಣದ ಹಾಗೆ ಬೆಳ್ಳಗೆ, ಯಾಕೆಂದರೆ ಅದು ಮೂಳೆಯನ್ನೂ ಅಗಿದು ತಿನ್ನುತ್ತದೆ. ಮೂರೇ ದಿನದಲ್ಲಿ ಆ ಹುಡುಗಿ ಎಲ್ಲವನ್ನೂ ಗುರುತು ಹಿಡಿಯುತ್ತಿದ್ದಳು.

ಈಗ ಯೋಜನೆಗೆ ಬರುತ್ತೇನೆ.

ಹೀಗೆ ನಲವತ್ತು ನಿಮಿಷ ನಿಲ್ಲಬೇಕಾದರೆ ಗಾಡಿ ನಿಮ್ಮದೇ ಇರಬೇಕು. ಬೇರೆಯವರ ಜೊತೆ ಹಂಚಿಕೊಂಡ ಗಾಡಿಯಲ್ಲಿ ಹುಳಕ್ಕೆ ಯಾರೂ ಕಾಯುವುದಿಲ್ಲ. ಕಾಯಿರಿ ಅಂತ ಕೇಳುವುದೂ ನ್ಯಾಯವಲ್ಲ. ಐಷಾರಾಮಿ ಕೋಣೆ ಬಿಡಿ, ಒಂದು ರಾತ್ರಿ ಕಡಿಮೆ ಮಾಡಿ, ಆ ದುಡ್ಡನ್ನು ಗಾಡಿಗೆ ಹಾಕಿ. ಇನ್ನೊಂದು ಕಾರಣವೂ ಇದೆ. ಎಷ್ಟೋ ಕಡೆ ಆರು ವರ್ಷದೊಳಗಿನ ಮಕ್ಕಳನ್ನು ಹಂಚಿಕೊಂಡ ಗಾಡಿಗೆ ಹತ್ತಿಸುವುದೇ ಇಲ್ಲ. ದುಡ್ಡು ಕಟ್ಟುವ ಮೊದಲೇ ಮಗುವಿನ ವಯಸ್ಸು ಹೇಳಿ ಕೇಳಿಕೊಳ್ಳಿ.

ಒಂದೇ ಕಡೆ ಕನಿಷ್ಠ ಮೂರು ರಾತ್ರಿ ಇರಿ. ಹತ್ತು ದಿನಕ್ಕೆ ಐದು ಕಾಡು ಅಂತ ಪಟ್ಟಿ ಹಿಡಿದು ಬರುವವರನ್ನು ಕಂಡರೆ ನನಗೆ ನಿಜಕ್ಕೂ ಬೇಜಾರಾಗುತ್ತದೆ. ಅಂಥ ಪ್ರವಾಸದಲ್ಲಿ ಮಗು ನೋಡುವುದು ಧೂಳು ಮತ್ತು ಮುಂದಿನ ಸೀಟಿನ ಬೆನ್ನು. ಎರಡು ಜಾಗ ಸಾಕು.

ಯಾವಾಗ ಹೋಗಬೇಕು? ಜುಲೈಯಿಂದ ಅಕ್ಟೋಬರ್‌ವರೆಗೆ, ದನದ ಹಾಗೆ ಕಾಣುವ ಹುಲ್ಲೆ ಜಾತಿಯ ವೈಲ್ಡ್‌ಬೀಸ್ಟ್ ಹಿಂಡು ಮಾರ ನದಿ ದಾಟುವುದನ್ನು ನೋಡೋಕೆ ಜನ ಮುಗಿಬೀಳುತ್ತಾರೆ. ಹಿಂಡು ದಡಕ್ಕೆ ಬಂದು ಗಂಟೆಗಟ್ಟಲೆ ನಿಂತು, ಒಮ್ಮೊಮ್ಮೆ ದಾಟದೆ ಹಾಗೇ ವಾಪಸ್ ಹೋಗಿಬಿಡುತ್ತದೆ. ಬಿಸಿಲಲ್ಲಿ ಮಕ್ಕಳನ್ನು ಕೂರಿಸಿಕೊಂಡು ಅದಕ್ಕೆ ಕಾಯಬೇಡಿ. ಅದರ ಬದಲು ಫೆಬ್ರವರಿಯಲ್ಲಿ ಸೆರೆಂಗೆಟಿಯ ದಕ್ಷಿಣಕ್ಕೆ, ನ್ದುತು ಕಡೆ ಹೋಗಿ. ಅದು ವೈಲ್ಡ್‌ಬೀಸ್ಟ್ ಕರು ಹಾಕುವ ಕಾಲ. ದಿನಕ್ಕೆ ಸಾವಿರಾರು ಕರು ಹುಟ್ಟುತ್ತವೆ. ಹುಟ್ಟಿದ ಕರು ಕೆಲವೇ ನಿಮಿಷದಲ್ಲಿ ತಡವರಿಸುತ್ತಾ ಎದ್ದು ನಿಲ್ಲುತ್ತದೆ. ಸ್ವಲ್ಪ ಹೊತ್ತಿಗೆ ಅಮ್ಮನ ಹಿಂದೆ ಓಡುತ್ತದೆ. ಅಲ್ಲಿ ಮಗು ನಿಲ್ಲಿಸಿ ಅನ್ನುತ್ತದೆ, ನೋಡ್ತಾ ಇರಿ. ಆ ಕರುಗಳನ್ನು ಹಿಡಿಯಲು ಕತ್ತೆಕಿರುಬ, ಚೀತಾಗಳೂ ಬರುತ್ತವೆ. ಅದನ್ನು ಮಕ್ಕಳಿಗೆ ಮೊದಲೇ ಹೇಳಿಡಿ, ಮುಚ್ಚಿಡಬೇಡಿ.

ನೀವೇ ಕಾರು ಓಡಿಸಿಕೊಂಡು ಹೋಗುವ ಧೈರ್ಯ ಇದ್ದರೆ ದಕ್ಷಿಣ ಆಫ್ರಿಕಾದ ಕ್ರೂಗರ್ ಬಹಳ ಅನುಕೂಲ. 1926ರಿಂದ ರಾಷ್ಟ್ರೀಯ ಉದ್ಯಾನ ಅದು. ಉಳಿಯುವ ದೊಡ್ಡ ಕ್ಯಾಂಪ್‌ಗಳಿಗೆ ಬೇಲಿ ಇದೆ, ಮಕ್ಕಳು ಒಳಗೆ ಓಡಾಡಬಹುದು. ಡಾಂಬರು ರಸ್ತೆಯಲ್ಲಿ ಗಂಟೆಗೆ 50 ಕಿಲೋಮೀಟರ್, ಮಣ್ಣಿನ ರಸ್ತೆಯಲ್ಲಿ 40 ಮಿತಿ. ಕಾರಿನಿಂದ ಇಳಿಯುವಂತಿಲ್ಲ. ಎಲ್ಲಿ, ಎಷ್ಟು ಹೊತ್ತು ನಿಲ್ಲಬೇಕು ಅನ್ನುವುದು ಮಾತ್ರ ಪೂರ್ತಿ ನಿಮ್ಮ ಕೈಯಲ್ಲಿ.

ಸಮಯ ಕಡಿಮೆ ಇದೆ, ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಮಲೇರಿಯಾ ಮಾತ್ರೆ ಮಗುವಿನ ತೂಕ ನೋಡಿ ಕೊಡುವಂಥದ್ದು, ವೈದ್ಯರನ್ನು ಕೇಳದೆ ಹೊರಡಬೇಡಿ. ತೀರಾ ಚಿಕ್ಕ ಮಕ್ಕಳಿದ್ದರೆ ಮಲೇರಿಯಾ ಇಲ್ಲದ ಕಾಡಿಗೇ ಹೋಗಿ. ದಕ್ಷಿಣ ಆಫ್ರಿಕಾದ ಮಡಿಕ್ವೆ, ಪಿಲಾನ್ಸ್‌ಬರ್ಗ್, ಆಡ್ಡೊ ಅಂಥ ಕಾಡುಗಳು. ಅಲ್ಲೂ ಆನೆ ಇದೆ, ಸಿಂಹ ಇದೆ. ಹಳದಿ ಜ್ವರದ ಲಸಿಕೆ ಬೇಕಾದ ದೇಶವಾದರೆ ಹೊರಡುವ 10 ದಿನ ಮೊದಲೇ ಹಾಕಿಸಿರಬೇಕು.

ಮಾರದ ಬಯಲು ಸಮುದ್ರಮಟ್ಟದಿಂದ 1,500 ಮೀಟರ್‌ಗೂ ಮೇಲಿದೆ. ತೆರೆದ ಗಾಡಿಯಲ್ಲಿ ಬೆಳಗಿನ ಗಾಳಿ ಕೊರೆಯುತ್ತದೆ. ಆಫ್ರಿಕಾ ಅಲ್ವಾ, ಸೆಖೆ ಇರುತ್ತೆ ಅಂದುಕೊಂಡು ಸ್ವೆಟರ್ ಬಿಟ್ಟು ಬರಬೇಡಿ. ಪ್ರತಿ ಮಗುವಿಗೂ ಅದರದ್ದೇ ಬೈನಾಕ್ಯುಲರ್ ಕೊಡಿ. ಎಂಟು ಪಟ್ಟು ದೊಡ್ಡದಾಗಿ ತೋರಿಸುವ ಹಗುರಾದದ್ದು ಸಾಕು. ಹೆಚ್ಚು ಶಕ್ತಿಯದ್ದಾದರೆ ಪುಟ್ಟ ಕೈಯಲ್ಲಿ ನಡುಗುತ್ತದೆ. ಸಿಂಹದ ಹತ್ತಿರ ಯಾರೂ ಎದ್ದು ನಿಲ್ಲಬಾರದು, ಕೈ ಹೊರಗೆ ಚಾಚಬಾರದು. ಗಾಡಿ ಮತ್ತು ನಾವು ಎಲ್ಲ ಸೇರಿ ಒಂದೇ ಆಕಾರ ಅಂತ ಅದು ನೋಡುತ್ತದೆ. ಆ ಆಕಾರ ಒಡೆಯಬಾರದು. ಹೀಗೆ ಕಾರಣ ಹೇಳಿದರೆ ಮಕ್ಕಳು ನಮಗಿಂತ ಚೆನ್ನಾಗಿ ಪಾಲಿಸುತ್ತಾರೆ.

ಇನ್ನೊಂದೇ ಇದೆ. ಮೊದಲ ದಿನ ಬೆಳಗ್ಗೆ ಮಗುವನ್ನು ಚಾಲಕರ ಹಿಂದಿನ ಸೀಟಿನಲ್ಲೇ ಕೂರಿಸಿ. ಅಲ್ಲಿಂದ ಮೆಲ್ಲಗೆ ಹೇಳಿದರೂ ಅವರಿಗೆ ಕೇಳಿಸುತ್ತದೆ. ಕೀನ್ಯಾಕ್ಕೋ ತಾಂಜಾನಿಯಾಕ್ಕೋ ಹೋಗುವವರಾದರೆ, ಸ್ವಾಹಿಲಿಯಲ್ಲಿ ನಿಲ್ಲಿಸಿ ಅನ್ನುವುದಕ್ಕೆ "ಸಿಮಾಮಾ" ಅನ್ನುತ್ತಾರೆ. ವಿಮಾನ ಹತ್ತುವ ಮೊದಲೇ ಮಕ್ಕಳಿಗೆ ಕಲಿಸಿಡಿ. ಸಿ-ಮಾ-ಮಾ.

ನಮಸ್ಕಾರ.