ಹದಿನಾಲ್ಕು ಹಲಗೆ, ಹದಿನಾಲ್ಕು ಕೈ: ಶಿವಮೊಗ್ಗದ ಮಳೆಯಲ್ಲಿ ಶಿಲುಬೆ ಹಾದಿ

ನಮಸ್ಕಾರ. ಹಿಂದೆ ಕೇಳ್ತಿರೋದು ಮಳೆ, ಮೈಕ್ ಕೆಟ್ಟಿಲ್ಲ. ಜುಲೈ ತಿಂಗಳಲ್ಲಿ ಶಿವಮೊಗ್ಗದ ತಗಡಿನ ಶೀಟ್ ಹಾಲ್‌ನಲ್ಲಿ ಕೂತ್ರೆ ಇದೇ ಹಾಡು, ಸುಧಾರಿಸ್ಕೊಳ್ಳಿ.

ಕ್ರೈಸ್ತ ಕಲಾವಿದರ ಬಳಗ ಕಟ್ಟೋದು ಹೇಗೆ ಅಂತ ಇವತ್ತಿನ ಮಾತು, ಶುರು ಮಾತ್ರ ಇದರಿಂದ: ಪ್ಲೈವುಡ್. 8×4 ಅಡಿಯ ಎರಡು ಶೀಟ್, 12 ಎಂಎಂ ದಪ್ಪ. ಒಂದು ಶೀಟಿಗೆ ಎಂಟು ಚೌಕ, ಎರಡಕ್ಕೆ ಹದಿನಾರು. ಹದಿನಾಲ್ಕು ತುಂಡು ಶಿಲುಬೆ ಹಾದಿಯ ಸ್ಥಳಗಳಿಗೆ, ಅಂದ್ರೆ ಯೇಸುವಿನ ಕೊನೆಯ ಹಾದಿಯ ಹದಿನಾಲ್ಕು ಘಟನೆಗಳ ಚಿತ್ರಕ್ಕೆ. ಉಳಿದ ಎರಡು ತುಂಡು ಬಣ್ಣ ಹಚ್ಚಿ ನೋಡೋಕೆ. ಕೊಯ್ಯೋರಿಗೆ ಎರಡಡಿ ಚೌಕ ಅಂತ ಬರೆದುಕೊಡಬೇಡಿ. ಗರಗಸದ ಅಲಗು ಪ್ರತಿ ಕೊಯ್ತಕ್ಕೂ 3 ಎಂಎಂ ತಿನ್ನುತ್ತೆ, ಕೊನೇ ತುಂಡು ಕುಳ್ಳಾಗಿ ಬರುತ್ತೆ. 23.5 ಇಂಚು ಅಂತ ಬರೀರಿ, ಜಗಳ ಇರಲ್ಲ.

ಕ್ರೈಸ್ತ ಕಲಾವಿದರ ಬಳಗ ಕಟ್ಟೋ ವಿಡಿಯೋದಲ್ಲಿ ಪ್ಲೈವುಡ್ ಯಾಕೆ ಅಂತ ಕೇಳ್ತೀರಿ. ವಾಟ್ಸಾಪ್ ಗ್ರೂಪ್ ಮಾಡಿ ಬಳಗ ಆಯ್ತು ಅಂದ್ಕೊಂಡವರು ಬೇಕಾದಷ್ಟು ಜನ ಇದ್ದಾರೆ. ಮೂರನೇ ದಿನದಿಂದ ಅದರಲ್ಲಿ ಬರೋದು ಗುಲಾಬಿ ಹೂವಿನ ಮೇಲೆ ಬೈಬಲ್ ವಾಕ್ಯ, ಅಷ್ಟೇ. ಒಬ್ಬರ ಕೈಲಿ ಆಗದಿರೋ ಒಂದು ಕೆಲಸ ಮಧ್ಯೆ ಇಟ್ಟರೆ ಜನ ಬರ್ತಾರೆ, ಬಂದವರು ಉಳೀತಾರೆ. ಹದಿನಾಲ್ಕು ಹಲಗೆ ಅಂಥ ಕೆಲಸ.

ಕರೆ, ದೈವಕರೆ ಅಂತ ನಾವು ತುಂಬಾ ಮಾತಾಡ್ತೀವಿ. ಬೈಬಲಿನ ವಿಮೋಚನಕಾಂಡ 31 ತೆಗೆದು ನೋಡಿ. ದೇವರು ತಮ್ಮ ಗುಡಾರ ಕಟ್ಟೋಕೆ ಬೆಚಲೇಲ ಅನ್ನೋ ಕುಶಲಕರ್ಮಿಯನ್ನ ಹೆಸರು ಹಿಡಿದು ಕರೀತಾರೆ, ಆತ್ಮಭರಿತನನ್ನಾಗಿ ಮಾಡ್ತಾರೆ. ಯಾವುದಕ್ಕೆ? ಬಂಗಾರ, ಬೆಳ್ಳಿ, ತಾಮ್ರದ ಕೆಲಸ, ರತ್ನ ಕೆತ್ತೋದು, ಮರದ ಕೆತ್ತನೆ. ಪೂರಾ ಕೈಕೆಲಸದ ಪಟ್ಟಿ. ಜೊತೆಗೇ ಒಹೊಲೀಯಾಬ ಅಂತ ಇನ್ನೊಬ್ಬನನ್ನೂ ಕೊಡ್ತಾರೆ. 35ನೇ ಅಧ್ಯಾಯದಲ್ಲಿ ಇಬ್ಬರಿಗೂ ಕಲಿಸಿಕೊಡೋ ವರ ಇದೆ. ಒಬ್ಬನೇ ಮೂಲೇಲಿ ಕೂತು ಮಾಡೋ ಕರೆ ಆ ಭಾಗದಲ್ಲಿ ಇಲ್ಲವೇ ಇಲ್ಲ. 36ರಲ್ಲಿ ಇನ್ನೂ ಮಜಾ. ಜನ ಕಾಣಿಕೆ ತಂದು ತಂದು ಸುರೀತಾರೆ, ಕೆಲಸಗಾರರೇ ಮೋಶೆ ಹತ್ರ ಹೋಗಿ ಸಾಕು ಅಂತಾರೆ. ನಮ್ಮ ಯಾವ ಚರ್ಚ್ ಕಮಿಟಿಗೂ ಈ ತೊಂದರೆ ಬಂದ ಹಾಗಿಲ್ಲ.

ಆ, ಈಗ ಬಂತು ನೋಡಿ. ಈ ಐದು ಹಲಗೆ. ಕ್ಯಾಮೆರಾ ಕೆಳಗಿಟ್ಟು ತೋರಿಸ್ತಿದ್ದೀವಿ. ನೆಲದ ಮೇಲೆ ಇಟ್ಟರೆ ನಡುಮಧ್ಯೆ ಹಲಗೆಯ ಕೆಳಗೆ ಬೆರಳು ತೂರುತ್ತೆ. ಹಪ್ಪಳ ಆಗಿದೆ ಮಾರಾಯ್ರೆ.

ಇದಕ್ಕೆ ಎರಡು ಕಾರಣ. ಒಂದು, ಮಾಲು. ಬಿಲ್ಲಿನಲ್ಲಿ ವಾಟರ್‌ಪ್ರೂಫ್ ಅಂತ ಇದೆ, ಕೊಟ್ಟಿರೋದು ಎಂಆರ್ ಗ್ರೇಡ್, ಅಂದ್ರೆ ತೇವ ಸ್ವಲ್ಪ ಮಟ್ಟಿಗೆ ತಡೆಯೋದು. ಅದು ಐಎಸ್ 303 ಅನ್ನೋ ಭಾರತೀಯ ಮಾನಕದ ಮಾಲು, ಮನೆಯೊಳಗಿನ ಒಣ ಜಾಗಕ್ಕೆ ಸರಿ. ಮಲೆನಾಡಿಗೆ ಐಎಸ್ 710, ಅಂದ್ರೆ ನೀರು ತಡೆಯೋ ಮರೀನ್ ಪ್ಲೈ ಕೇಳಿ. ಆ ನಂಬರು, ಐಎಸ್‌ಐ ಗುರುತು ಶೀಟಿನ ಮೇಲೇ ಅಚ್ಚಾಗಿರುತ್ತೆ. ಕೊಯ್ಯೋಕೆ ಮುಂಚೆ ನೋಡಿ, ಫೋಟೋ ತೆಗೆದಿಟ್ಕೊಳ್ಳಿ. ಕೊಯ್ದ ಮೇಲೆ ಅಚ್ಚು ಯಾವುದೋ ಒಂದು ತುಂಡಿನಲ್ಲಿ ಉಳಿಯುತ್ತೆ, ಅಂಗಡಿಯವರು ಶೀಟು ನಮ್ಮದಲ್ಲ ಅಂತಾರೆ. ಈ ಸಲ ಅಂಗಡಿಯವರು ಹೇಳಿದ್ದೂ ಅದನ್ನೇ, ಜೊತೆಗೆ ‘ಚರ್ಚಿಗೆ ಅಂತ ರೇಟು ಕಮ್ಮಿ ಮಾಡಿದ್ದೆ ಅಲ್ವಾ’ ಅನ್ನೋ ಮಾತು ಬೇರೆ. ಕಮ್ಮಿ ಮಾಡಿದ್ದು ರೇಟಲ್ಲ ಸ್ವಾಮಿ, ಗ್ರೇಡು.

ಎರಡನೇ ಕಾರಣ ನಮ್ಮವರದೇ. ಮುಂದಿನ ಮುಖಕ್ಕೆ ಮಾತ್ರ ಜೆಸ್ಸೊ, ಅಂದ್ರೆ ಬಣ್ಣಕ್ಕೆ ಮುಂಚಿನ ಬಿಳಿ ಲೇಪ, ಹಚ್ಚಿ ಗೋಡೆಗೆ ಒರಗಿಸಿಟ್ಟಿದ್ದಾರೆ. ಜೆಸ್ಸೊ ಒಣಗುವಾಗ ಮುಂಭಾಗವನ್ನ ಎಳೆಯುತ್ತೆ. ಬರಿಮೈ ಹಿಂಭಾಗ ಗಾಳಿಯ ತೇವ ಕುಡಿದು ಉಬ್ಬುತ್ತೆ. ಎರಡೂ ಸೇರಿ ಒಂದೇ ಕಡೆಗೆ ಬಾಗಿಸುತ್ತೆ. ಆದ್ದರಿಂದ ಹಿಂದೆ, ಮುಂದೆ, ನಾಲ್ಕೂ ಅಂಚು, ಎಲ್ಲಕ್ಕೂ ಎರಡು ಕೋಟ್ ಸೀಲರ್. ಆಮೇಲೆ ಜೆಸ್ಸೊ ಮೂರು ತೆಳು ಕೋಟ್, ಹಿಂಭಾಗಕ್ಕೂ ಅಷ್ಟೇ ಕೋಟ್. ದುಡ್ಡು ಉಳಿಸೋಕೆ ಹಿಂದಕ್ಕೆ ಒಂದೇ ಕೋಟ್ ಸಾಕು ಅನ್ನೋರ ಮಾತು ಕೇಳಬೇಡಿ. ನಡುವೆ 220 ನಂಬರಿನ ಉಪ್ಪುಕಾಗದ. ಡಬ್ಬಿ ಮೇಲೆ ಒಂದು ಗಂಟೆಗೆ ಒಣಗುತ್ತೆ ಅಂತ ಬರೆದಿದ್ದರೆ ಈ ಮಳೆಗೆ ನಾಲ್ಕು ಗಂಟೆ ಬಿಡಿ. ಒರಗಿಸಿ ಇಡಬೇಡಿ. ನಡುವೆ ಸಣ್ಣ ಪಟ್ಟಿ ಕೊಟ್ಟು ಮಲಗಿಸಿ, ಮೇಲೆ ಭಾರ ಹೇರಿ.

ಈ ಐದನ್ನ ಎಸೆಯೋದು ಬೇಡ. ಹಿಂಭಾಗ ಉಜ್ಜಿ ಅದೇ ಕೋಟುಗಳನ್ನ ಹಚ್ಚಿದರೆ ಅರ್ಧ ಬಾಗು ಇಳಿಯುತ್ತೆ. ಉಳಿದದ್ದಕ್ಕೆ ಹಿಂದೆ ಎರಡು ಅಡ್ಡ ರೀಪರ್, ಅಂದ್ರೆ ಮರದ ಪಟ್ಟಿ, ಒಂದಿಂಚು ದಪ್ಪದ್ದು. ಸ್ಕ್ರೂ ಒಂದೂಕಾಲು ಇಂಚು. ಒಂದೂವರೆ ಇಂಚಿನದು 38 ಎಂಎಂ ಆಗುತ್ತೆ, ರೀಪರ್ ಮತ್ತು ಪ್ಲೈ ಸೇರಿ 37. ಅಷ್ಟು ಉದ್ದದ್ದು ಹಾಕಿದ್ರೆ ಮುಂದೆ ಚಿತ್ರದಲ್ಲಿ ಯೇಸುವಿಗೆ ಶಿಕ್ಷೆ ಕೊಟ್ಟ ಪಿಲಾತನ ಮೂಗಿನಲ್ಲಿ ಮೊನೆ ಕಾಣುತ್ತೆ.

ಪ್ರಿಂಟ್ ಹೊಡೆಸಿದ್ರೆ ಒಂದೇ ದಿನದ ಕೆಲಸ ಅಲ್ವಾ ಅಂತ ಕಾಮೆಂಟ್ ಬರುತ್ತೆ, ಗೊತ್ತು. ಪ್ಲಾಸ್ಟಿಕ್ ಫ್ಲೆಕ್ಸ್ ರಾಜ್ಯದಲ್ಲಿ 2016ರಿಂದ ನಿಷೇಧ, ಆದ್ರೂ ಹಬ್ಬ ಬಂದ್ರೆ ಬಲಿಪೀಠದ ಹಿಂದೆ ಅದೇ ನೇತಾಡುತ್ತೆ. ಪ್ರಿಂಟ್ ಬೇಡವೇ ಬೇಡ. ಹಾಂ, ತಡೀರಿ. ಶುಭ ಶುಕ್ರವಾರ ಗುಡ್ಡ ಹತ್ತೋ ಶಿಲುಬೆ ಹಾದಿ ಇದೆಯಲ್ಲ, ಅಲ್ಲಿಗೆ ಒಂದೊಂದೂ ಮೂರು ಕೆಜಿ ತೂಗೋ ಹಲಗೆ ಹೊರೋರು ಯಾರು? ಅದಕ್ಕೆ ಬಟ್ಟೆ ಮೇಲೆ ಪ್ರಿಂಟ್ ಮಾಡಿಸಿ, ನಮ್ಮದೇ ಚಿತ್ರದ ಫೋಟೋ ತೆಗೆದು.

ಇನ್ನು ಕೆಲವರಿಗೆ ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್ ಥರ ಗೋಡೆ ಮೇಲೇ ಬರೀಬೇಕು ಅಂತ ಆಸೆ. ಇಟಲಿಯಿಂದ ಬಂದ ಜೆಸ್ವಿಟ್ ಬ್ರದರ್ ಆಂಟೋನಿಯೊ ಮೊಸ್ಕೆನಿ ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಅಲ್ಲಿ ಗೋಡೆಗೆ ಬರೆದದ್ದು ಹಸಿ ಸುಣ್ಣದ ಗಾರೆ ಮೇಲೆ. ಸುಣ್ಣ ಗಟ್ಟಿಯಾಗುವಾಗ ಬಣ್ಣವನ್ನ ಹಿಡಿದಿಟ್ಟುಕೊಳ್ಳುತ್ತೆ. ಛಾವಣಿಗೆ ಕ್ಯಾನ್ವಾಸ್ ಮೇಲೆ ಎಣ್ಣೆಬಣ್ಣ. ನಮ್ಮ ಸಿಮೆಂಟ್ ಗೋಡೆ, ಬುಡದಿಂದ ತೇವ ಏರೋದು, ಎರಡು ಮಳೆಗಾಲಕ್ಕೆ ಉಪ್ಪು ಹೂ ಬಿಟ್ಟು ಬಣ್ಣ ಸಿಪ್ಪೆ ಏಳುತ್ತೆ. ಹಲಗೆಯಾದ್ರೆ ಇಳಿಸಿ ಒಣಗಿಸಬಹುದು.

ಕ್ಲಿಪ್ ಮುಗೀತಾ ಬಂತು, ಬೇಗ ಹೇಳ್ತೀನಿ. ಬಳಗದಲ್ಲಿ ಕ್ಯಾಥೊಲಿಕರು, ಸಿಎಸ್‌ಐ ಅಂದ್ರೆ ದಕ್ಷಿಣ ಭಾರತ ಸಭೆಯವರು, ಪೆಂಟಕೋಸ್ಟಲ್ ಸಭೆಯವರು ಎಲ್ಲಾ ಇದ್ದರೆ ಮೊದಲ ದಿನವೇ ಯಾವ ಹದಿನಾಲ್ಕು ಅಂತ ತೀರ್ಮಾನ ಮಾಡಿ. 1731ರಲ್ಲಿ ನಿಗದಿಯಾದ ಹಳೇ ಸಾಲಿನಲ್ಲಿ ಯೇಸು ಮೂರು ಸಲ ಬೀಳೋದು, ತಾಯಿಯ ಭೇಟಿ, ವೆರೋನಿಕಾ ಯೇಸುವಿನ ಮುಖ ಒರೆಸೋದು ಇವೆ, ಇವು ಸುವಾರ್ತೆಗಳಲ್ಲಿ ಇಲ್ಲ. ಕೆಲವರ ಕುಂಚ ಅಲ್ಲೇ ನಿಲ್ಲುತ್ತೆ. 1991ರ ಶುಭ ಶುಕ್ರವಾರ ಪೋಪ್ ಎರಡನೇ ಜಾನ್ ಪಾಲ್ ರೋಮಿನಲ್ಲಿ ಬಳಸಿದ ಸಾಲು ಯೇಸು ಪ್ರಾರ್ಥಿಸಿದ ಗೆತ್ಸೆಮನೆ ತೋಟದಿಂದ ಶುರುವಾಗುತ್ತೆ, ಎಲ್ಲಾ ಸುವಾರ್ತೆಯದೇ. ಮಿಶ್ರ ಬಳಗಕ್ಕೆ ಅದು ಸಲೀಸು. ಆದರೆ ಫಾದರ್ ಹತ್ರ ಕೇಳದೆ ಶುರು ಮಾಡಬೇಡಿ. ಪ್ರತಿ ಹಲಗೆಯ ಮೇಲೆ ಒಂದೊಂದು ಮರದ ಶಿಲುಬೆಯೂ ಬೇಕು, ಸಂಪ್ರದಾಯದ ಪ್ರಕಾರ ಆಶೀರ್ವದಿಸಬೇಕಾದ್ದು ಅದೇ. ಸಾಗರ, ಸೊರಬದ ಕಡೆ ಶಿವನೆ ಮರ ಕೆತ್ತೋರಿದ್ದಾರೆ, ಅವರ ಹತ್ರ ಮಾಡಿಸಿ.

ಹದಿನಾಲ್ಕು ಜನ ಬರೆದರೆ ಹದಿನಾಲ್ಕು ಊರಿನ ಚಿತ್ರ ಆಗುತ್ತೆ. ಅದಕ್ಕೆ ಮೂರು ಕಟ್ಟುಪಾಡು. ಕೆಳಗಿನಿಂದ 8 ಇಂಚಿಗೆ ನೆಲದ ಗೆರೆ, ಎಲ್ಲದರಲ್ಲೂ. ಬಣ್ಣ ಎಲ್ಲರಿಗೂ ಒಂದೇ ದೊಡ್ಡ ಡಬ್ಬಿಯಿಂದ: ಯೆಲ್ಲೊ ಓಕರ್, ಬರ್ನ್ಟ್ ಸಿಯೆನಾ, ಬರ್ನ್ಟ್ ಅಂಬರ್, ಅಲ್ಟ್ರಾಮರೀನ್, ಬಿಳಿ. ಕೆಂಪು ಯೇಸುವಿನ ಬಟ್ಟೆಗೆ ಮಾತ್ರ. ಇನ್ನು ಬೆಳಕು. ಬಲಿಪೀಠಕ್ಕೆ ಮುಖ ಮಾಡಿ ನಿಂತಾಗ ಎಡಗೋಡೆಗೆ ಬರೋ ಏಳು ಚಿತ್ರಕ್ಕೆ ಬೆಳಕು ಬಲದಿಂದ, ಬಲಗೋಡೆಯ ಏಳಕ್ಕೆ ಎಡದಿಂದ. ಹಾಗಾದ್ರೆ ಎಲ್ಲಾ ಬೆಳಕೂ ಬಲಿಪೀಠದ ಕಡೆಯಿಂದ ಬಂದಂತಿರುತ್ತೆ. ನಿಮ್ಮ ಚರ್ಚಿನಲ್ಲಿ ಒಂದನೇ ಸ್ಥಳ ಯಾವ ಗೋಡೆ ಅಂತ ನೋಡಿ ಆಮೇಲೆ ಹಂಚಿ.

ಸೇರೋದು ಶನಿವಾರ ಮಧ್ಯಾಹ್ನ 2ರಿಂದ 5. ಭಾನುವಾರ ಇಟ್ಟರೆ ಗಾಯನ ಮಂಡಳಿಯವರು ಸಿಗಲ್ಲ, ಸಂಜೆ ಮಾಡಿದ್ರೆ ತೀರ್ಥಹಳ್ಳಿ, ಸಾಗರದವರಿಗೆ ಬಸ್ಸಿನ ಚಿಂತೆ. ಒಂದು ಹಲಗೆಗೆ ಹತ್ತು ನಿಮಿಷ, ಬರೆದವರು ಬಾಯಿ ಬಿಡಬಾರದು, ಉಳಿದವರು ಕಂಡದ್ದನ್ನ ಹೇಳಬೇಕು. ಹಾಡೋರನ್ನ ಸುಮ್ಮನೆ ಕೂರಿಸಬೇಡಿ. ಸ್ಥಳದಿಂದ ಸ್ಥಳಕ್ಕೆ ನಡೆಯೋ ಹೊತ್ತಿಗೆ ಸರಿಹೊಂದೋ ಹಾಡಿನ ಹದಿನಾಲ್ಕು ನುಡಿ ಬೇಕು, ಅವರದೇ ಕೆಲಸ.

ದುಡ್ಡು. ಬೋರ್ಡ್ ಬರೆಯೋ ಅಣ್ಣ ಒಂದು ಶನಿವಾರ ಬಂದ್ರೆ ಅವತ್ತಿನ ಕೂಲಿ ಹೋಯ್ತು. ‘ದೇವರ ಕೆಲಸ ಅಲ್ವಾ’ ಅಂತ ಅವರ ಮುಂದೆ ಹೇಳೋರು ಅದೇ ಮಾತನ್ನ ಸೌಂಡ್ ಸಿಸ್ಟಮ್‌ನವರಿಗೆ, ಶಾಮಿಯಾನದವರಿಗೆ ಹೇಳಲ್ಲ. ಸಾಮಾನಿನ ಬಿಲ್ಲು ಚರ್ಚಿನದು. ಕೂಲಿ ಎಷ್ಟು ಅಂತ ಒಂದು ಹಾಳೆಯಲ್ಲಿ ಬರೀಬೇಕು. ಕಾಣಿಕೆಯಾಗಿ ಬಿಡ್ತೀನಿ ಅಂದ್ರೆ ಆ ಮೊತ್ತವನ್ನೂ ಅದೇ ಹಾಳೆಯಲ್ಲಿ ಬರೆದು ಸಹಿ ಹಾಕಲಿ. ಸಾಗಾಟ ಯಾರದು, ಮುಂದೆ ಬೂಷ್ಟು ಬಂದ್ರೆ ರಿಪೇರಿ ಯಾರದು, ಅದೂ ಅಲ್ಲೇ.

ಬ್ಯಾಟರಿ ಕೆಂಪು ತೋರಿಸ್ತಿದೆ. ಹಿಂಭಾಗದ ಎರಡನೇ ಕೋಟ್ ಈಗ ಹಚ್ಚಿದ್ದು, ತಿರುಗಿಸೋದು ಇನ್ನು ಆರೂವರೆಗೆ. ಚಿತ್ರ ಬರೆಯೋದು ನವೆಂಬರ್‌ನಲ್ಲಿ, ಗಾಳಿ ಒಣಗಿದ ಮೇಲೆ. ರೀಪರ್ ಅಳತೆ ಬೇಕಾದವರು ಕೆಳಗೆ ಕೇಳಿ.