ನಿಮ್ಮ ಓಣಿಯ ನೆಟ್ ಯಾರ ಹೆಸರಲ್ಲಿದೆ?

ನಮಸ್ಕಾರ ಎಲ್ಲರಿಗೂ.

ನಿಮ್ಮ ಮನೆಯ ವೈಫೈ ಯಾವ ಕಂಪನಿಯದು? ಹುಬ್ಬಳ್ಳಿಯಲ್ಲೋ ಧಾರವಾಡದಲ್ಲೋ ಯಾರನ್ನಾದರೂ ಕೇಳಿ ನೋಡಿ. ಬಹಳ ಮಂದಿ "ಕೇಬಲ್‌ನವರದು ರೀ" ಅಂತಾರೆ. ಕೇಬಲ್‌ನವರ ಹೆಸರು ಗೊತ್ತು. ರಿಪೇರಿಗೆ ಬರುವ ಹುಡುಗನ ನಂಬರ್ ಗೊತ್ತು. ತಿಂಗಳಿಗೆ ಎಷ್ಟು ಕೊಡಬೇಕು ಅನ್ನೋದೂ ಗೊತ್ತು. ಆದರೆ ಆ ನೆಟ್ ಯಾರಿಂದ ಬರುತ್ತದೆ, ಲೈಸೆನ್ಸ್ ಯಾರದು, ಆ ಕಂಪನಿಯ ಪುಸ್ತಕದಲ್ಲಿ ನಮ್ಮ ಹೆಸರು ಇದೆಯಾ? ಅದು ಗೊತ್ತಿಲ್ಲ.

ಇವತ್ತು ನಾನು ಮಾತಾಡುವುದು ಈ ನಡುವಿನ ವ್ಯಾಪಾರದ ಬಗ್ಗೆ. ಫೋನು, ನೆಟ್ಟು ಎರಡರಲ್ಲೂ ಲೈಸೆನ್ಸ್ ಒಬ್ಬರದು, ಮನೆ ಬಾಗಿಲಿಗೆ ತಂದು ಮಾರುವವರು ಇನ್ನೊಬ್ಬರು. ನಡುವಿನವರನ್ನು ತೆಗೆದುಹಾಕಿ ಅಂತ ನಾನು ಹೇಳುತ್ತಿಲ್ಲ. ಅವರು ಇರಲೇಬೇಕು, ಇನ್ನೂ ಜಾಸ್ತಿ ಆಗಬೇಕು. ಆದರೆ ಮೇಲಿನ ಕಂಪನಿ ಅವರಿಗೆ ಯಾವ ದರಕ್ಕೆ ಕೊಡುತ್ತದೆ ಅನ್ನೋದು ಬರವಣಿಗೆಯಲ್ಲಿ ಇರಬೇಕು. ಅವರು ನಮಗೆ ಕೊಡುವುದು ನಮ್ಮ ಹೆಸರಲ್ಲಿ ಇರಬೇಕು. ಈ ಎರಡೂ ಇಲ್ಲದೆ ಹೋಗಿರುವುದರಿಂದಲೇ ಅಂಗಡಿಯವರೂ ಸೋಲುತ್ತಿದ್ದಾರೆ, ನಾವೂ ಸೋಲುತ್ತಿದ್ದೇವೆ.

ಇದು ಹೊಸ ವ್ಯಾಪಾರವೇನಲ್ಲ. ಎಸ್‌ಟಿಡಿ ಬೂತ್ ನೆನಪಿದೆಯಲ್ವಾ? 1984ರಲ್ಲಿ ನಮ್ಮ ದೇಶದ್ದೇ ಟೆಲಿಫೋನ್ ಎಕ್ಸ್‌ಚೇಂಜ್ ತಯಾರಿಸಲು ಸಿ-ಡಾಟ್ ಅನ್ನುವ ಸರ್ಕಾರಿ ಸಂಸ್ಥೆ ಶುರುವಾಯಿತು. ಸ್ಯಾಮ್ ಪಿತ್ರೋಡಾ ಅವರಂಥವರ ಹಟದಿಂದ ಟೆಲಿಫೋನು ಊರೂರಿಗೆ ಬಂತು. ಆಮೇಲೆ ಹಳದಿ ಬೋರ್ಡಿನ ಬೂತ್‌ಗಳು ಎದ್ದವು. ಲೈನು ಟೆಲಿಫೋನ್ ಇಲಾಖೆಯದು, ಗಾಜಿನ ಗೂಡು ಅಂಗಡಿಯವರದು, ಕಾಲ್‌ಗೆ ಇಷ್ಟು ಅಂತ ಕಮಿಷನ್. ಧಾರವಾಡದಲ್ಲಿ ಓದಲು ಬಂದ ಹುಡುಗರು ರಾತ್ರಿ ದರ ಇಳಿಯುವುದನ್ನು ಕಾದು ಊರಿಗೆ ಫೋನ್ ಮಾಡುತ್ತಿದ್ದರು. ಅಲ್ಲಿ ಒಂದು ಸಣ್ಣ ಸಂಗತಿ ಇತ್ತು. ಮಾತು ಮುಗಿಸಿ ರಿಸೀವರ್ ಇಟ್ಟರೆ ಮೆಷಿನ್ನಿಂದ ಸಣ್ಣ ಚೀಟಿ ಹೊರಗೆ ಬರುತ್ತಿತ್ತು. ಯಾವ ನಂಬರು, ಎಷ್ಟು ಹೊತ್ತು, ಎಷ್ಟು ರೂಪಾಯಿ, ಎಲ್ಲ ಅದರಲ್ಲಿ. ಅಂಗಡಿಯವರ ಮೇಲೆ ನಂಬಿಕೆ ಇತ್ತು, ಆದರೂ ಚೀಟಿ ಇತ್ತು.

ಈಗ ಫೈಬರ್ ಕಾಲ. ಆ ಚೀಟಿ ಎಲ್ಲಿ ಹೋಯಿತು?

ಮೊದಲು ರೀಚಾರ್ಜ್ ಅಂಗಡಿಗಳ ಮಾತು ಹೇಳಿ ಮುಂದೆ ಹೋಗುತ್ತೇನೆ. ನಮ್ಮ ಕಡೆ ಸ್ಪೈಸ್ ಸಿಮ್ ಇದ್ದ ದಿನಗಳಿವೆ. 2008ರಲ್ಲಿ ಅದನ್ನು ಐಡಿಯಾ ಕೊಂಡುಕೊಂಡಿತು. 2018ರಲ್ಲಿ ಐಡಿಯಾ, ವೊಡಾಫೋನ್ ಒಂದಾದವು, ಅದೇ ಈಗಿನ ವಿಐ. 2012ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಮೊಬೈಲ್ ಕಂಪನಿಗಳ 122 ಲೈಸೆನ್ಸ್ ರದ್ದು ಮಾಡಿತ್ತು. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂತು. ಒಂದು ಕಾಲಕ್ಕೆ ಅಂಗಡಿಯ ಗಾಜಿನ ಮೇಲೆ ಅಂಟಿಸಲು ಜಾಗ ಸಾಲದಷ್ಟು ಕಂಪನಿಗಳ ಸ್ಟಿಕ್ಕರ್ ಇದ್ದವು. ಈಗ ಉಳಿದದ್ದು ಜಿಯೋ, ಏರ್‌ಟೆಲ್, ವಿಐ, ಬಿಎಸ್‌ಎನ್‌ಎಲ್. ಮಾರುವ ಕಂಪನಿಗಳು ಕಡಿಮೆಯಾದಂತೆ ಅಂಗಡಿಯವರ ಮಾತಿಗೂ ಬೆಲೆ ಕಡಿಮೆಯಾಯಿತು. ರೀಚಾರ್ಜ್ ಎಲ್ಲರ ಫೋನಿನ ಆ್ಯಪ್‌ಗೆ ಹೋಯಿತು.

ಆದರೂ ಗದಗ–ಬೆಟಗೇರಿಯಲ್ಲಿ, ಹಾವೇರಿ ಕಡೆಯ ಹಳ್ಳಿಗಳಲ್ಲಿ ಸಂತೆ ದಿನ ಹೋಗಿ ನೋಡಿ. ಅಜ್ಜಿಯೊಬ್ಬರು ಸೀರೆ ಸೆರಗಿನ ಗಂಟು ಬಿಚ್ಚಿ ದುಡ್ಡು ತೆಗೆದು, ಬಟನ್ ಫೋನನ್ನು ಅಂಗಡಿಯವರ ಕೈಗೆ ಕೊಡುತ್ತಾರೆ. "ಮಗನ ಫೋನ್ ಬರವಲ್ದು, ನೋಡಪಾ" ಅಂತಾರೆ. ಆ ಫೋನಿಗೆ ನೆಟ್ ಬೇಕಾಗಿಲ್ಲ. 2024ರ ಜುಲೈನಲ್ಲಿ ದರ ಏರಿದಾಗ ಜಿಯೋದ 239 ರೂಪಾಯಿ ಪ್ಯಾಕ್ 299 ಆಯಿತು, ಉಳಿದ ಎರಡು ಖಾಸಗಿ ಕಂಪನಿಗಳೂ ಏರಿಸಿದವು. ಅದೇ ವರ್ಷ ಡಿಸೆಂಬರ್‌ನಲ್ಲಿ ಟ್ರಾಯ್, ಅಂದರೆ ಫೋನು-ನೆಟ್ ಕಂಪನಿಗಳಿಗೆ ನಿಯಮ ಹಾಕುವ ಕೇಂದ್ರದ ಪ್ರಾಧಿಕಾರ, ಒಂದು ಒಳ್ಳೆಯ ಕೆಲಸ ಮಾಡಿತು. ಬರೀ ಮಾತು ಮತ್ತು ಎಸ್‌ಎಂಎಸ್‌ಗೆ ಬೇರೆ ಪ್ಯಾಕ್ ಕೊಡಲೇಬೇಕು ಅಂತ ಹೇಳಿತು. 2025ರ ಜನವರಿಯಲ್ಲಿ ಅಂಥ ಪ್ಯಾಕ್‌ಗಳು ಬಂದವು. ಅದನ್ನು ಆ ಅಜ್ಜಿಗೆ ಹೇಳುವವರು ಯಾರು? ಆ್ಯಪ್ ಹೇಳುವುದಿಲ್ಲ, ಅವರ ಹತ್ತಿರ ಆ್ಯಪ್ ಇಲ್ಲ. ಹೇಳಬೇಕಾದವರು ಅಂಗಡಿಯವರೇ. ಅದಕ್ಕೇ ನಾನು ಹೇಳುವುದು, ಈ ಅಂಗಡಿಗಳು ಉಳಿಯಬೇಕು. ಕೈಗೆ ಏನೂ ಉಳಿಯದ ಕಮಿಷನ್ ಕೊಟ್ಟರೆ ಅವರು ಎಷ್ಟು ದಿನ ಕೂತಿರುತ್ತಾರೆ?

ಈಗ ಫೈಬರ್‌ಗೆ ಬರೋಣ. ಕೇಬಲ್‌ನವರೇ ಯಾಕೆ ನೆಟ್ ಮಾರುತ್ತಾರೆ? ಕಾರಣ ಸರಳ. ಟಿವಿ ಕಾಲದಿಂದ ಅವರಿಗೆ ಓಣಿ ಗೊತ್ತು, ಕಂಬ ಗೊತ್ತು, ಯಾವ ಮನೆಯ ಮಾಳಿಗೆ ಮೇಲಿಂದ ವೈರ್ ಎಳೆಯಬಹುದು ಅನ್ನೋದು ಗೊತ್ತು. ಹಳೇ ಹುಬ್ಬಳ್ಳಿಯ ಇಕ್ಕಟ್ಟಾದ ಓಣಿಯಲ್ಲಿ ದೊಡ್ಡ ಕಂಪನಿಯ ಎಂಜಿನಿಯರ್ ಬಂದು ನಿಂತರೂ ದಾರಿ ತೋರಿಸಲು ಕೇಬಲ್ ಹುಡುಗನೇ ಬೇಕು. ಅವನು ಏಣಿ ಹೆಗಲ ಮೇಲೆ ಹೊತ್ತು ಬರುತ್ತಾನೆ. ಕೂದಲಿನಷ್ಟು ಸಣ್ಣ ಗಾಜಿನ ಎಳೆಯನ್ನು ಸುಲಿದು, ಒರೆಸಿ, ಮೆಷಿನ್ನಿನಲ್ಲಿ ಇಟ್ಟು ಜೋಡಿಸುತ್ತಾನೆ. ಮನೆಯೊಳಗೆ ವೈಫೈ ಬಾಕ್ಸಿನ ಕೆಂಪು ದೀಪ ಆರಿ ಹಸಿರು ಬರುತ್ತದೆ. ಈ ಕೆಲಸಕ್ಕೆ ಕೈ ಪಳಗಿರಬೇಕು. ಬಿಎಸ್‌ಎನ್‌ಎಲ್ ಕೂಡ ತನ್ನ ಫೈಬರನ್ನು ಮನೆಗೆ ಮುಟ್ಟಿಸಲು ಇಂಥ ಸ್ಥಳೀಯ ಪಾಲುದಾರರನ್ನೇ ನಂಬಿದೆ, ಆದಾಯದಲ್ಲಿ ಪಾಲು ಕೊಡುತ್ತದೆ. ಇದರಲ್ಲಿ ತಪ್ಪೇನೂ ಇಲ್ಲ.

ತಪ್ಪು ಎಲ್ಲಿದೆ ಅಂದರೆ, ಗಿರಾಕಿ ಕಾಣೆಯಾಗುವ ಜಾಗದಲ್ಲಿ.

ನಮ್ಮ ಓಣಿಯದೇ ಹೇಳುತ್ತೇನೆ. ಮಳೆಗಾಲದಲ್ಲಿ ಗಿಡ ಬಿದ್ದು ವೈರ್ ಹರಿದಿತ್ತು. ಕೇಬಲ್‌ನವರು ಫೋನ್ ಎತ್ತಲಿಲ್ಲ. ಮಕ್ಕಳ ಪರೀಕ್ಷೆ ಹತ್ತಿರ ಇತ್ತು, ಮನೆಯಿಂದ ಕೆಲಸ ಮಾಡುವವರು ಮೊಬೈಲ್ ಡೇಟಾ ಹಾಕಿಸಿಕೊಂಡು ದಿನ ದೂಡುತ್ತಿದ್ದರು. ಬಾಕ್ಸಿನ ಮೇಲಿದ್ದ ಹೆಸರು ಹಿಡಿದು ನಾನು ಕಂಪನಿಗೆ ಫೋನ್ ಮಾಡಿದೆ. "ಈ ನಂಬರಿನಲ್ಲಿ ಯಾವ ಕನೆಕ್ಷನ್ನೂ ಇಲ್ಲ ಸರ್" ಅಂದರು. ತಿಂಗಳು ತಿಂಗಳು ದುಡ್ಡು ಕೊಟ್ಟಿದ್ದೇವೆ, ಆದರೆ ಕಂಪನಿಯ ಪಾಲಿಗೆ ನಾವು ಗಿರಾಕಿಗಳೇ ಅಲ್ಲ. ಬೇರೆಯವರ ಲೈನ್ ತೆಗೆದುಕೊಳ್ಳೋಣ ಅಂತ ಹೋದರೆ ಅವರು ಹೇಳಿದ್ದು, "ಆ ಓಣಿ ಅವರದು, ನಾವು ಬರಂಗಿಲ್ಲ." ಓಣಿ ನಮ್ಮದು. ಮನೆ ನಮ್ಮದು. ಅದನ್ನು ಇವರು ಯಾವಾಗ ಹಂಚಿಕೊಂಡರು?

ಮೊಬೈಲ್‌ನಲ್ಲಿ ಈ ಕಷ್ಟ ಇಲ್ಲ. 2011ರ ಜನವರಿಯಿಂದ ಇಡೀ ದೇಶದಲ್ಲಿ ನಂಬರ್ ಬದಲಿಸದೆ ಕಂಪನಿ ಬದಲಿಸಬಹುದು. 1900ಕ್ಕೆ ಒಂದು ಎಸ್‌ಎಂಎಸ್ ಹಾಕಿದರೆ ಕೆಲಸ ಶುರು. ಫೈಬರ್‌ನಲ್ಲಿ ಬದಲಿಸುವ ಹಕ್ಕು ಕಾಗದದ ಮೇಲೆ ಇದೆ, ಆದರೆ ವೈರ್ ಎಳೆಯುವವರೇ ಬರದಿದ್ದರೆ ಅದು ಇದ್ದೂ ಇಲ್ಲದಂತೆ.

ಹೆಸರು ಪುಸ್ತಕದಲ್ಲಿ ಇಲ್ಲದಿದ್ದರೆ ಏನೇನು ಕೈತಪ್ಪುತ್ತದೆ, ಕೇಳಿ. ದೂರಿನ ವ್ಯವಸ್ಥೆ ಹೀಗಿದೆ: ಮೊದಲು ಕಂಪನಿಯಲ್ಲಿ ದೂರು ಕೊಟ್ಟು ದೂರಿನ ನಂಬರ್ ತೆಗೆದುಕೊಳ್ಳಬೇಕು. ಬಗೆಹರಿಯದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬೇಕು. ಟ್ರಾಯ್ ಒಬ್ಬೊಬ್ಬರ ದೂರನ್ನು ತಾನೇ ವಿಚಾರಿಸುವುದಿಲ್ಲ. 2024ರ ಅಕ್ಟೋಬರ್‌ನಿಂದ ಜಾರಿಗೆ ಬಂದ ಗುಣಮಟ್ಟದ ನಿಯಮದಲ್ಲಿ ಮೂರು ದಿನದೊಳಗೆ ಲೈನ್ ರಿಪೇರಿ ಆಗದಿದ್ದರೆ ಗಿರಾಕಿ ಕಟ್ಟುವ ಬಾಡಿಗೆಯಲ್ಲಿ ಕಡಿತ ಮಾಡಬೇಕು ಅಂತ ಇದೆ. ಒಳ್ಳೆಯ ನಿಯಮ. ಆದರೆ ಇದೆಲ್ಲ ಶುರುವಾಗುವುದು ಗಿರಾಕಿಯ ನಂಬರಿನಿಂದ. ಅದೇ ಇಲ್ಲದವರು ಯಾರ ಬಾಗಿಲು ಬಡಿಯಬೇಕು? ಇನ್ನು ಜಿಎಸ್‌ಟಿ. 500 ರೂಪಾಯಿ ಪ್ಲಾನ್‌ಗೆ 18 ಪರ್ಸೆಂಟ್ ಅಂದರೆ 90 ರೂಪಾಯಿ. "ಟ್ಯಾಕ್ಸ್ ಸೇರಿ 590" ಅಂತ ಇಸ್ಕೊಂಡು ಬಿಲ್ ಕೊಡದಿದ್ದರೆ ಆ 90 ರೂಪಾಯಿ ಸರ್ಕಾರಕ್ಕೆ ಹೋಯಿತು ಅನ್ನೋದಕ್ಕೆ ನಿಮ್ಮ ಕೈಯಲ್ಲಿ ಏನೂ ಇಲ್ಲ. ಒಂದೇ ಕನೆಕ್ಷನ್ ಅನ್ನು ನಾಲ್ಕು ಮನೆಗೆ ಹಂಚಿದ್ದರಂತೂ ಇನ್ನೂ ಅಪಾಯ. ಯಾರೋ ಒಬ್ಬರು ಆನ್‌ಲೈನ್ ಮೋಸ ಮಾಡಿದರೆ ಪೊಲೀಸರು ಮೊದಲು ಹುಡುಕುವುದು ಆ ಕನೆಕ್ಷನ್ ಯಾರ ಹೆಸರಲ್ಲಿದೆ ಅಂತ.

ಇಷ್ಟು ಹೇಳಿ ಕೇಬಲ್‌ನವರನ್ನು ಬೈದು ಸುಮ್ನಾದರೆ ಅದು ಅನ್ಯಾಯ. ಅವರ ಕುತ್ತಿಗೆ ಹಿಡಿದವರು ಮೇಲಿದ್ದಾರೆ. ಅಮರಗೋಳದ ಎಪಿಎಂಸಿಯಲ್ಲಿ ಉಳ್ಳಾಗಡ್ಡಿ ಯಾವ ದರಕ್ಕೆ ಹೋಯಿತು ಅಂತ ಯಾರು ಬೇಕಾದರೂ ಕೇಳಿ ತಿಳಿಯಬಹುದು. ನೆಟ್‌ನ ಸಗಟು ದರ ಹಾಗೆ ಗೊತ್ತಾಗುವುದಿಲ್ಲ. ಕಂಪನಿ ಹೇಳಿದ್ದೇ ದರ, ಕೊಟ್ಟಷ್ಟೇ ಪಾಲು. ನಾಳೆ ಅದೇ ಕಂಪನಿ ಅದೇ ಓಣಿಗೆ ನೇರವಾಗಿ ಬಂದು ಕಡಿಮೆ ದರಕ್ಕೆ ಕೊಟ್ಟರೆ ಇವರು ಏನು ಮಾಡಬೇಕು?

ಮೊಬೈಲ್‌ನಲ್ಲೂ ಇದೇ ಕಥೆ. ಸ್ವಂತ ಟವರ್ ಇಲ್ಲದೆ, ದೊಡ್ಡ ಕಂಪನಿಯಿಂದ ಸಗಟು ದರಕ್ಕೆ ಕೊಂಡು ತನ್ನ ಹೆಸರಲ್ಲಿ ಸಿಮ್ ಮಾರುವ ವ್ಯಾಪಾರ ಬ್ರಿಟನ್‌ನಲ್ಲಿ ಚೆನ್ನಾಗಿ ಬೆಳೆದಿದೆ. ಅಲ್ಲಿ ದಿನಸಿ ಅಂಗಡಿಗಳ ಕಂಪನಿ ಟೆಸ್ಕೋ ಒ2 ಜಾಲದ ಮೇಲೆ ಸಿಮ್ ಮಾರುತ್ತದೆ. 2008ರಲ್ಲಿ ನಮ್ಮ ದೇಶಕ್ಕೆ ವರ್ಜಿನ್ ಮೊಬೈಲ್ ಬಂದಾಗ ಇದಕ್ಕೆ ನಿಯಮವೇ ಇರಲಿಲ್ಲ. ಹಾಗಾಗಿ ಟಾಟಾದವರ ಜಾಲದಲ್ಲಿ ಬರೀ ಬ್ರ್ಯಾಂಡ್ ಆಗಿ ನಡೆಯಿತು. 2016ರಲ್ಲಿ ಕೇಂದ್ರ ಸರ್ಕಾರ ಇಂಥ ವ್ಯಾಪಾರಕ್ಕೆಂದೇ ವಿಎನ್‌ಒ ಅನ್ನುವ ಲೈಸೆನ್ಸ್ ತಂದಿತು. ದಾರಿ ತೆರೆಯಿತು ಅಂದುಕೊಂಡೆವು. ಆದರೆ ಸಗಟು ಕೊಡಲೇಬೇಕು ಅನ್ನುವ ಮಾತು ಅದರಲ್ಲಿ ಇಲ್ಲ. ಇಬ್ಬರೂ ಒಪ್ಪಿದರೆ ಮಾತ್ರ. ತನ್ನ ಗಿರಾಕಿಯನ್ನು ತಾನೇ ಬೇರೆಯವರಿಗೆ ಬಿಟ್ಟುಕೊಡಲು ಯಾವ ಕಂಪನಿ ಒಪ್ಪುತ್ತದೆ? ಅದಕ್ಕೇ ಇವತ್ತು ನಮ್ಮ ಅಂಗಡಿಗಳಲ್ಲಿ ಅಂಥ ಸಿಮ್ ಕಾಣುವುದಿಲ್ಲ.

ದರ ಬರವಣಿಗೆಯಲ್ಲಿ ಬಂದರೆ ಏನಾಗಬಹುದು ಅನ್ನೋದಕ್ಕೆ ಧಾರವಾಡದ ಸಪ್ತಾಪುರ ಒಳ್ಳೆಯ ಜಾಗ. ಕೋಚಿಂಗ್ ಸೆಂಟರ್, ಪಿಜಿ, ಓದುವ ಹಾಲ್, ಜೆರಾಕ್ಸ್ ಅಂಗಡಿ, ಚಹಾದಂಗಡಿ. ಪಿಎಸ್‌ಐ, ಕೆಎಎಸ್ ಅಂತ ಬೆಳಗಿನಿಂದ ರಾತ್ರಿವರೆಗೂ ಓದುವ ಹುಡುಗ ಹುಡುಗಿಯರು. ಅವರಿಗೆ ನೆಟ್ ಬೇಕೇ ಬೇಕು. ಪಿಜಿಯವರು ಮನೆ ಪ್ಲಾನ್ ಹಾಕಿಸಿ ತಲೆಗೆ ಇಷ್ಟು ಅಂತ ವಸೂಲಿ ಮಾಡುವುದುಂಟು. ಮನೆ ಪ್ಲಾನನ್ನು ಹೀಗೆ ಮಾರುವುದಕ್ಕೆ ಕಂಪನಿಗಳ ಷರತ್ತಿನಲ್ಲಿ ಅವಕಾಶ ಇಲ್ಲ. ಸರಿಯಾದ ದಾರಿ 2020ರ ಡಿಸೆಂಬರ್‌ನಲ್ಲೇ ಬಂದಿದೆ. ಪಿಎಂ-ವಾಣಿ ಅಂತ ಯೋಜನೆ. ಚಹಾದಂಗಡಿಯವರೂ ಲೈಸೆನ್ಸ್ ಇಲ್ಲದೆ, ಶುಲ್ಕ ಇಲ್ಲದೆ ವೈಫೈ ಮಾರಬಹುದು. ಆದರೆ ಕಂಪನಿಗಳು ಆ ಅಂಗಡಿಗಳಿಗೆ ತೋರಿಸಿದ್ದು, ಆಫೀಸ್‌ಗಳಿಗೆ ಕೊಡುವ ದುಬಾರಿ ಲೀಸ್ ಲೈನ್, ಅಂದರೆ ಒಬ್ಬರಿಗೇ ಮೀಸಲಾದ ಲೈನ್. ಚಹಾ ಮಾರಿ ಅದನ್ನು ಕಟ್ಟಲಾಗುತ್ತದಾ? ಕೊನೆಗೆ 2025ರ ಜೂನ್‌ನಲ್ಲಿ ಟ್ರಾಯ್ ಆದೇಶ ಮಾಡಿತು: 200 ಎಂಬಿಪಿಎಸ್ ವೇಗದವರೆಗಿನ ಮನೆ ಪ್ಲಾನ್‌ಗಳನ್ನು ಈ ಅಂಗಡಿಗಳಿಗೂ ಕೊಡಬೇಕು, ದರ ಮನೆ ದರದ ಎರಡು ಪಟ್ಟು ದಾಟಬಾರದು. ಮನೆಗೆ 500 ಇದ್ದರೆ ಅಂಗಡಿಗೆ 1000 ಒಳಗೆ. ಮಾರುವವರಿಗೆ ಲೆಕ್ಕ ಗೊತ್ತಾಯಿತು. ಕೊಳ್ಳುವ ಹುಡುಗರು ಫೋನ್ ನಂಬರ್ ಕೊಟ್ಟು ತಮ್ಮ ಹೆಸರಲ್ಲೇ ಲಾಗಿನ್ ಆಗುತ್ತಾರೆ. ನಾನು ಕೇಳುತ್ತಿರುವುದು ಇಷ್ಟೇ, ಓಣಿಯ ಕೇಬಲ್‌ನವರಿಗೂ ಇಂಥದ್ದೇ ಒಂದು ನಿಯಮ ಬರಲಿ. ಸಗಟು ದರಕ್ಕೆ ಮಿತಿ ಇರಲಿ, ಕೊಡಲ್ಲ ಅನ್ನುವ ಹಕ್ಕು ಕಂಪನಿಗೆ ಇರಬಾರದು.

ಅದು ದಿಲ್ಲಿಯ ಕೆಲಸ. ನಮ್ಮ ಊರಲ್ಲೇ ಆಗುವುದೂ ಇದೆ. ಈ ವೈರ್‌ಗಳು ಜೋತು ಬಿದ್ದಿರುವುದು ಬಹುಪಾಲು ಕರೆಂಟ್ ಕಂಪನಿ ಹೆಸ್ಕಾಂನ ಕಂಬಗಳ ಮೇಲೆ, ದಾಟುವುದು ಮಹಾನಗರ ಪಾಲಿಕೆಯ ರಸ್ತೆಗಳನ್ನು. ಯಾವ ಓಣಿಯ ಕಂಬದ ಮೇಲೆ ಯಾವ ಕಂಪನಿಯ ವೈರ್, ಅನುಮತಿ ಯಾರ ಹೆಸರಲ್ಲಿ, ಬಾಡಿಗೆ ಎಷ್ಟು ಅಂತ ವಾರ್ಡ್‌ವಾರು ಪಟ್ಟಿ ಹಾಕಲಿ. ಒಬ್ಬರಿಗೆ ಕೊಟ್ಟ ಕಂಬವನ್ನು ಅದೇ ಬಾಡಿಗೆಗೆ ಇನ್ನೊಬ್ಬರಿಗೂ ಕೊಡಲಿ. "ಆ ಓಣಿ ಅವರದು" ಅನ್ನುವ ಮಾತು ಆಗ ನಡೆಯುವುದಿಲ್ಲ. ನಿಮ್ಮ ವಾರ್ಡಿನ ಕಾರ್ಪೊರೇಟರ್ ಸಿಕ್ಕಾಗ ಇದನ್ನು ಕೇಳಿ.

ಮತ್ತೆ ಮುಂದಿನ ತಿಂಗಳು ಕೇಬಲ್ ಹುಡುಗ ದುಡ್ಡಿಗೆ ಬಂದಾಗ ಜಗಳ ಮಾಡಬೇಡಿ, ಅವನೂ ದುಡಿಯುವವನೇ. ಲೈಸೆನ್ಸ್ ಇರುವ ಕಂಪನಿಯ ಹೆಸರು, ನಿಮ್ಮ ಗಿರಾಕಿ ನಂಬರ್, ಜಿಎಸ್‌ಟಿ ನಂಬರ್ ಇರುವ ಬಿಲ್ ಕೇಳಿ. ಕೊಟ್ಟರೆ ಅದರ ಫೋಟೋ ತೆಗೆದು ಇಟ್ಟುಕೊಳ್ಳಿ. ಕೊಡದಿದ್ದರೆ ನಿಮ್ಮ ಓಣಿಯ ಹೆಸರು ಹಾಕಿ ನನಗೆ ಬರೆಯಿರಿ. ಅವನ್ನೆಲ್ಲ ಸೇರಿಸಿ ನವನಗರದ ಹೆಸ್ಕಾಂ ಆಫೀಸಿಗೂ ಪಾಲಿಕೆಗೂ ಒಂದೇ ಅರ್ಜಿಯಾಗಿ ಕೊಡುತ್ತೇನೆ.