ಸುರಿನ್ ಅಜ್ಜಿಯ ಹಳದಿ ಗೂಡು, ಶಿಡ್ಲಘಟ್ಟದ ನಾವು

ಈಗ ಪರದೆ ಮೇಲೆ ಕಾಣುತ್ತಿರುವ ಹಳದಿ ರೇಷ್ಮೆ ಗೂಡುಗಳನ್ನು ಚೆನ್ನಾಗಿ ನೋಡಿ. ನಮ್ಮ ಕಡೆಯವರು ಯಾರೇ ನೋಡಿದರೂ ‘ಸಿಬಿ ಗೂಡು, ಶಿಡ್ಲಘಟ್ಟದ ಮಾರ್ಕೆಟ್ಟು’ ಅಂತ ಹೇಳಿಬಿಡುತ್ತಾರೆ. ಸಿಬಿ ಅಂದರೆ ಮಿಶ್ರತಳಿ. ಆದರೆ ಈ ವಿಡಿಯೋ ತೆಗೆದಿದ್ದು ಥಾಯ್ಲೆಂಡಿನ ಸುರಿನ್ ಜಿಲ್ಲೆಯ ಒಂದು ಹಳ್ಳಿಯಲ್ಲಿ. ಬಿದಿರು ತಟ್ಟೆ ಹಿಡಿದಿರುವ ಕೈ ಅಲ್ಲಿಯ ಅಜ್ಜಿಯದು. ಪಕ್ಕದಲ್ಲಿ ಕಣ್ಣು ಅರಳಿಸಿಕೊಂಡು ನಿಂತವನು ನನ್ನ ಕ್ಲಾಸ್‌ಮೇಟ್, ಶಿಡ್ಲಘಟ್ಟದ ರೀಲರ್ ಮನೆ ಹುಡುಗ. ರೀಲರ್ ಅಂದರೆ ಗೂಡಿನಿಂದ ನೂಲು ಬಿಚ್ಚುವವರು.

ಎಲ್ಲರಿಗೂ ನಮಸ್ಕಾರ. ನಾವೆಲ್ಲ ಚಿಕ್ಕಬಳ್ಳಾಪುರ ಜಿಲ್ಲೆಯವರು. ಒಬ್ಬಳು ಚಿಂತಾಮಣಿಯವಳು, ಒಬ್ಬ ಬಾಗೇಪಲ್ಲಿಯವನು, ಇಬ್ಬರು ಗೌರಿಬಿದನೂರಿನವರು, ಆಮೇಲೆ ಶಿಡ್ಲಘಟ್ಟದ ಈ ರೀಲರ್. ನನ್ನದು ಶಿಡ್ಲಘಟ್ಟದ ಹತ್ತಿರದ ಹಳ್ಳಿ. ನಮ್ಮ ಮನೆಯಲ್ಲಿ ತಾತನ ಕಾಲದಿಂದ ರೇಷ್ಮೆ ಹುಳ ಮೇಯಿಸುತ್ತಾರೆ. ಒಂದೇ ಕಾಲೇಜಿನಲ್ಲಿ ಓದುವಾಗ ಮದುವೆ ಸೀಸನ್ನಿನಲ್ಲಿ ಕ್ಯಾಟರಿಂಗ್ ಕೆಲಸಕ್ಕೆ ಹೋಗಿ ದುಡ್ಡು ಕೂಡಿಟ್ಟಿದ್ದೆವು. 2024ರ ಮಳೆಗಾಲದಲ್ಲಿ ಹೊರಟೆವು.

ಮನೆಯಲ್ಲಿ ಬ್ಯಾಂಕಾಕ್ ಅಂದ ಕೂಡಲೇ ಅಮ್ಮನ ಮುಖ ಸಣ್ಣಗಾಯಿತು. ಹೆಣ್ಣುಮಕ್ಕಳನ್ನು ಅಲ್ಲಿಗೆ ಕಳಿಸೋದಾ ಅನ್ನುವ ಚಿಂತೆ. ಅಪ್ಪ ಹುಳಕ್ಕೆ ಹಿಪ್ಪುನೇರಳೆ ಸೊಪ್ಪು ಕತ್ತರಿಸುತ್ತಾ ಕೂತಿದ್ದರು. ತಲೆ ಎತ್ತದೆ ಒಂದೇ ಮಾತು ಕೇಳಿದರು: "ಅಲ್ಲೂ ಹುಳ ಮೇಯಿಸ್ತಾರೇನಮ್ಮಾ?" ಮೇಯಿಸ್ತಾರಪ್ಪ, ಅದನ್ನು ನೋಡೋಕೇ ಹೋಗ್ತಿರೋದು ಅಂದೆ. "ಹಂಗಾದ್ರೆ ಅವರ ಚಂದ್ರಿಕೆ ಹೆಂಗಿರ್ತದೆ ನೋಡ್ಕೊಂಡು ಬಾ" ಅಂದರು. ಚಂದ್ರಿಕೆ ಅಂದರೆ ಹುಳ ಗೂಡು ಕಟ್ಟುವ ಬಿದಿರಿನ ತಟ್ಟಿ. ನಮ್ಮ ಮನೆಯಲ್ಲಿ ಅನುಮತಿ ಸಿಕ್ಕಿದ್ದು ಹೀಗೆ.

ವಿಮಾನ ನಿಲ್ದಾಣ ನಮಗೆ ಬೆಂಗಳೂರಿನವರಿಗಿಂತ ಹತ್ತಿರ. ನಮ್ಮ ಹತ್ತಿರದ ವಿಜಯಪುರ ದಾಟಿ ದೇವನಹಳ್ಳಿ ತಲುಪಿದರೆ ಆಯಿತು. ಅಲ್ಲಿಂದ ಬ್ಯಾಂಕಾಕ್‌ಗೆ ನಾಲ್ಕು ಗಂಟೆಯೂ ಹಿಡಿಯುವುದಿಲ್ಲ. ಅಲ್ಲಿಯ ಗಡಿಯಾರ ನಮಗಿಂತ ಒಂದೂವರೆ ಗಂಟೆ ಮುಂದೆ. ಆದರೆ ಕ್ಯಾಲೆಂಡರ್ ನೋಡಿದರೆ 2567! ಬುದ್ಧನ ಶಕೆ ಲೆಕ್ಕ, ನಮ್ಮ ಇಸವಿಗೆ 543 ಸೇರಿಸಿಕೊಳ್ಳಬೇಕು. ನಾವು ಹೋದಾಗ ವೀಸಾ ಬೇಕಿರಲಿಲ್ಲ. 2025ರ ಮೇ 1ರಿಂದ ಆನ್‌ಲೈನಿನಲ್ಲಿ ಡಿಜಿಟಲ್ ಅರೈವಲ್ ಕಾರ್ಡ್ ತುಂಬಬೇಕು ಅಂತ ನಿಯಮ ಬಂದಿದೆ. ನಿಯಮಗಳು ಬದಲಾಗುತ್ತಲೇ ಇರುತ್ತವೆ, ಹೊರಡುವ ವಾರ ಒಮ್ಮೆ ನೋಡಿಕೊಳ್ಳಿ.

ಬ್ಯಾಂಕಾಕಿನ ದೇವಸ್ಥಾನ, ಅರಮನೆಗಳನ್ನು ಎಲ್ಲರೂ ತೋರಿಸಿದ್ದಾರೆ, ನಾನು ಬಿಡುತ್ತೇನೆ. ಆದರೆ ಈ ದೋಣಿಯನ್ನು ತೋರಿಸಲೇಬೇಕು. ಇದು ಸೇನ್ ಸೇಪ್ ಕಾಲುವೆ. ನಮ್ಮಲ್ಲಿ ಸಿಟಿ ಬಸ್ ಇದ್ದ ಹಾಗೆ ಇಲ್ಲಿ ದೋಣಿ. ಕಂಡಕ್ಟರ್ ತಲೆಗೆ ಹೆಲ್ಮೆಟ್ ಹಾಕಿಕೊಂಡು ದೋಣಿಯ ಹೊರಗಿನ ಅಂಚಿನ ಮೇಲೇ ಓಡಾಡುತ್ತಾ ಟಿಕೆಟ್ ಕೊಡುತ್ತಾನೆ. ಸೇತುವೆ ಬಂದಾಗ ಬಗ್ಗುತ್ತಾನೆ. ಪಕ್ಕದಲ್ಲಿ ಕೂತವರು ಹಗ್ಗ ಎಳೆದು ಪ್ಲಾಸ್ಟಿಕ್ ಪರದೆ ಎತ್ತಬೇಕು, ಇಲ್ಲದಿದ್ದರೆ ಕಾಲುವೆ ನೀರು ಮುಖಕ್ಕೆ ರಾಚುತ್ತದೆ. ಈ ದೋಣಿ ಕಟ್ಟೆಗೆ ತಾಗಿ ನಿಲ್ಲುವುದು ಕೆಲವೇ ಸೆಕೆಂಡು. ನಾವು ಮೂವರು ಹತ್ತಿದ್ದೆವು, ಉಳಿದವರು ಕಟ್ಟೆ ಮೇಲೆ. ದೋಣಿ ಹೊರಟೇ ಬಿಟ್ಟಿತು. ಬಾಗೇಪಲ್ಲಿ ಹುಡುಗ ದಡದಿಂದ ತೆಲುಗಿನಲ್ಲಿ ಕೂಗುತ್ತಿದ್ದಾನೆ, ನೋಡಿ. ಪಕ್ಕದಲ್ಲಿದ್ದ ಹೆಂಗಸು ನಗುತ್ತಾ, ಹಿಂದೆ ಇನ್ನೊಂದು ಬರುತ್ತದೆ ಅಂತ ಕೈಸನ್ನೆ ಮಾಡಿ ಧೈರ್ಯ ಹೇಳಿದರು. ಐದು ನಿಮಿಷದಲ್ಲಿ ಬಂದೇ ಬಂತು.

ನಾವು ಹೋಗುತ್ತಿದ್ದದ್ದು ಜಿಮ್ ಥಾಮ್ಸನ್ ಮನೆಗೆ. ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ ಅಲ್ಲಿಗೆ ಬಂದ ಅಮೆರಿಕದವರು ಅವರು. ಸೊರಗುತ್ತಿದ್ದ ಥಾಯ್ ಕೈಮಗ್ಗದ ರೇಷ್ಮೆಗೆ ಹೊರದೇಶಗಳಲ್ಲಿ ಹೆಸರು ತಂದರು. ಹಳೆಯ ತೇಗದ ಮನೆಗಳನ್ನು ತಂದು ಕಾಲುವೆ ದಂಡೆಯಲ್ಲಿ ಜೋಡಿಸಿ 1959ರಲ್ಲಿ ಈ ಮನೆ ಕಟ್ಟಿಸಿದರು. 1967ರಲ್ಲಿ ಮಲೇಷ್ಯಾದ ಕ್ಯಾಮೆರಾನ್ ಹೈಲ್ಯಾಂಡ್ಸ್‌ನಲ್ಲಿ ವಾಕಿಂಗ್‌ಗೆ ಅಂತ ಹೋದವರು ತಿರುಗಿ ಬರಲೇ ಇಲ್ಲ. ಮನೆ ಚೆನ್ನಾಗಿದೆ, ಆದರೆ ನನ್ನ ಮನಸ್ಸು ಹೋಗಿದ್ದು ಕಾಲುವೆಯ ಆಚೆ ದಡಕ್ಕೆ. ಅದು ಬಾನ್ ಕ್ರುವಾ. ಚಾಮ್ ಅನ್ನುವ ಸಮುದಾಯದ ಮುಸ್ಲಿಮರ ಹಳೆಯ ಕೇರಿ. ಥಾಮ್ಸನ್ ಅವರಿಗೆ ಮೊದಮೊದಲು ರೇಷ್ಮೆ ನೇಯ್ದುಕೊಟ್ಟವರು ಅಲ್ಲಿಯವರೇ. ಈಗ ಉಳಿದಿರುವುದು ಕೆಲವೇ ಮಗ್ಗ. ನಮ್ಮ ರೀಲರ್ ಒಂದು ಮನೆ ಬಾಗಿಲಲ್ಲಿ ಸಲಾಂ ಹೇಳಿದ. ಕೂಡಲೇ ಒಳಗೆ ಕರೆದು ನೀರು ಕೊಟ್ಟರು. ಭಾಷೆ ಬರದಿದ್ದರೂ ಅವನು ಅಲ್ಲಿದ್ದ ನೂಲಿನ ಲಡಿ ಕೈಗೆತ್ತಿಕೊಂಡು ತಿರುವಿದ ರೀತಿಯಲ್ಲೇ ಅವರಿಗೆ ಗೊತ್ತಾಯಿತು, ಇವನು ಈ ಕಸುಬಿನವನೇ ಅಂತ.

ಮಾರನೆಯ ದಿನ ಬೆಳಗಿನ ಜಾವ ಸುರಿನ್ ರೈಲು. ಸುಮಾರು 420 ಕಿಲೋಮೀಟರ್. ಫ್ಯಾನ್ ಡಬ್ಬಿ, ತೆರೆದ ಕಿಟಕಿ. ದಾರಿಯುದ್ದಕ್ಕೂ ಹೆಂಗಸರು ಬುಟ್ಟಿ ಹೊತ್ತು ಹತ್ತುತ್ತಾರೆ, ಸುಟ್ಟ ಕೋಳಿ, ಅಂಟು ಅನ್ನ, ಹಣ್ಣು ಮಾರುತ್ತಾರೆ. ಬೆಟ್ಟ ಹತ್ತಿ, ಲಾಮ್ ತಕೋಂಗ್ ಜಲಾಶಯ ದಾಟಿ, ಕೊರಾಟ್ ಬಂದ ಮೇಲೆ ನೆಲ ಸಪಾಟಾಯಿತು. ಇದೇ ಇಸಾನ್, ಥಾಯ್ಲೆಂಡಿನ ಈಶಾನ್ಯ ಭಾಗ. ಕೆಂಪು ಮಣ್ಣು, ಮಳೆ ನಂಬಿದ ಬೇಸಾಯ, ಊರಲ್ಲಿ ವಯಸ್ಸಾದವರು, ದುಡಿಮೆಗೆ ಬ್ಯಾಂಕಾಕ್ ಸೇರಿದ ಮಕ್ಕಳು. ನಂದಿ ಬೆಟ್ಟದಲ್ಲಿ ನದಿಗಳು ಹುಟ್ಟಿದರೂ ಸಾವಿರ ಅಡಿಗೂ ಆಳಕ್ಕೆ ಬೋರ್ ಕೊರೆಸುವ ಜಿಲ್ಲೆಯಿಂದ ಬಂದ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಊಟದ ವಿಷಯ ಹೇಳಿಬಿಡುತ್ತೇನೆ. ನಮ್ಮಲ್ಲಿ ಇಬ್ಬರು ಸಸ್ಯಾಹಾರಿಗಳು. ಅಲ್ಲಿ ಪಪ್ಪಾಯಿ ಕಾಯಿ ಪಲ್ಯಕ್ಕೂ ಮೀನಿನ ಸಾಸ್, ಒಣ ಸಿಗಡಿ ಬೀಳುತ್ತದೆ. ‘ಜೇ’ ಅಂತ ಕೇಳಬೇಕು. ಹಳದಿ ಬಾವುಟದ ಮೇಲೆ ಕೆಂಪು ಅಕ್ಷರ ಇರುವ ಅಂಗಡಿಯಲ್ಲಿ ಮಾಂಸ, ಮೀನು ಯಾವುದೂ ಇರುವುದಿಲ್ಲ, ಬೆಳ್ಳುಳ್ಳಿ ಕೂಡ ಹಾಕುವುದಿಲ್ಲ. ಅಂಟು ಅನ್ನ ಮಾತ್ರ ಎಲ್ಲರಿಗೂ ಹಿಡಿಸಿತು. ಬಿದಿರಿನ ಪುಟ್ಟ ಬುಟ್ಟಿಯಿಂದ ಕೈಯಲ್ಲೇ ಮುರಿದು, ಉಂಡೆ ಮಾಡಿ, ಖಾರಕ್ಕೆ ಅದ್ದಿ ತಿನ್ನುವುದು. ನಾವು ಮುದ್ದೆ ಮುರಿಯುವ ಹಾಗೆಯೇ. ಆದರೆ ನುಂಗಲು ಆಗುವುದಿಲ್ಲ, ಅಗಿಯಲೇಬೇಕು.

ಸುರಿನ್ ಪಟ್ಟಣದ ಹತ್ತಿರವೇ ಬಾನ್ ಥಾ ಸವಾಂಗ್ ಅನ್ನುವ ಊರಿದೆ. 2003ರಲ್ಲಿ ಬ್ಯಾಂಕಾಕಿನಲ್ಲಿ ಏಷ್ಯಾ-ಪೆಸಿಫಿಕ್ ದೇಶಗಳ ಏಪೆಕ್ ಶೃಂಗಸಭೆ ನಡೆದಾಗ ದೇಶದೇಶಗಳ ನಾಯಕರಿಗೆ ಹೊಲಿಸಿದ ಅಂಗಿಗಳ ಬಟ್ಟೆ ನೇಯ್ದದ್ದು ಇಲ್ಲಿ. ಮಗ್ಗ ಎರಡು ಆಳೆತ್ತರ ಇದೆ. ಬುಟ್ಟಾ ಎತ್ತುವ ದಾರದ ಸಾಲುಗಳೇ ಸಾವಿರಕ್ಕೂ ಜಾಸ್ತಿ. ಮೇಲೆ ಕೆಲವರು ಕೂತು ನೇಯುತ್ತಾರೆ, ನೆಲದ ಕೆಳಗಿನ ಗುಂಡಿಯಲ್ಲಿ ಇನ್ನೊಬ್ಬರು ನಿಂತು ದಾರ ಸರಿಸಿ ಕೊಡುತ್ತಾರೆ. ಮೇಲಿನವರು ಕೂಗುತ್ತಾರೆ, ಕೆಳಗಿನವರು ಓಗೊಡುತ್ತಾರೆ. ದಿನವಿಡೀ ನೇಯ್ದರೂ ಕೆಲವೇ ಸೆಂಟಿಮೀಟರ್. ಚಿಂತಾಮಣಿಯ ಗೆಳತಿ ಆ ಗುಂಡಿಯ ಅಂಚಿನಲ್ಲಿ ಕೂತವಳು ಏಳಲೇ ಇಲ್ಲ. ಊಟಕ್ಕೆ ಕರೆದರೆ "ನೀವು ಹೋಗ್ರೇ, ಈ ಹೂವು ಮುಗಿಯೋದು ನೋಡ್ಕೊಂಡು ಬರ್ತೀನಿ" ಅಂದಳು.

ಮೊದಲು ತೋರಿಸಿದ ಅಜ್ಜಿಯ ಊರು ಅಲ್ಲಿಂದ ಇನ್ನೂ ದೂರ. ಬಾಡಿಗೆ ಪಿಕಪ್ ಹಿಡಿದು ಹೊರಟೆವು. ಭತ್ತದ ಗದ್ದೆಗಳ ಮಧ್ಯೆ ಟೈರ್ ಒಡೆಯಿತು. ಸ್ಟೆಪ್ನಿಯಲ್ಲೂ ಗಾಳಿ ಇಲ್ಲ. ಮೇಲೆ ಮಳೆ. ಅಷ್ಟು ಹೊತ್ತಿಗೆ ಒಬ್ಬರು ರೈತರು ಬಂದರು. ಎಂಜಿನ್ ಕೂರಿಸಿ ಜೋಡಿಸಿದ ಮರದ ಬಾಡಿಯ ಗಾಡಿ, ಇಸಾನಿನ ಹಳ್ಳಿಗಳಲ್ಲಿ ಇದೇ ಓಡಾಡುತ್ತದೆ. ಎಲ್ಲರನ್ನೂ ಹಿಂದೆ ಹತ್ತಿಸಿಕೊಂಡು, ತಮ್ಮ ತಲೆ ಮೇಲಿದ್ದ ಗೊರಬೆಯಂಥ ಟೋಪಿ ತೆಗೆದು ನನ್ನ ಕ್ಯಾಮೆರಾ ಮೇಲೆ ಮುಚ್ಚಿದರು. ದುಡ್ಡು ಕೊಡಲು ಹೋದರೆ ಕೈಮುಗಿದು ಹೊರಟೇ ಹೋದರು. ಅವರ ಮುಖ ಈ ಒಂದು ಶಾಟ್‌ನಲ್ಲಿ ಮಾತ್ರ ಇದೆ. ಅದಕ್ಕೇ ಇದನ್ನು ಕತ್ತರಿಸದೆ ಪೂರ್ತಿ ಬಿಟ್ಟಿದ್ದೇನೆ.

ಅಜ್ಜಿಯ ಮನೆ ಕಂಬಗಳ ಮೇಲೆ ನಿಂತಿದೆ. ಕೆಳಗಡೆ ಮಗ್ಗ. ಪಕ್ಕದ ಗುಡಿಸಲಲ್ಲಿ ದುಂಡನೆಯ ಬಿದಿರು ತಟ್ಟೆಗಳಲ್ಲಿ ಹುಳ. ಹುಳಕ್ಕೆ ಕಾಟ ಕೊಡುವ ಊಜಿ ನೊಣ ಕೂರದ ಹಾಗೆ ತಟ್ಟೆಗಳಿಗೆ ಬಟ್ಟೆ ಹೊದಿಸಿದ್ದಾರೆ. ಅಪ್ಪ ನೋಡಿಕೊಂಡು ಬಾ ಅಂದ ಚಂದ್ರಿಕೆ ಇಲ್ಲಿದೆ ನೋಡಿ. ನಮ್ಮದು ಚೌಕ, ಅವರದು ದುಂಡಗೆ. ಒಳಗಿನ ಬಿದಿರು ಪಟ್ಟಿ ಸುತ್ತಿ ಸುತ್ತಿ ಹೋಗುವುದು ಮಾತ್ರ ಒಂದೇ ಥರ. ಆ ಗುಡಿಸಲಿಗೆ ಕಾಲಿಟ್ಟಾಗ ಬಂದ ಹಸಿ ಸೊಪ್ಪಿನ ವಾಸನೆ, ಹುಳ ಮೇಯುವ ಮಳೆ ಹನಿಯಂಥ ಸದ್ದು, ಎರಡೂ ನಮ್ಮ ಮನೆಯದೇ.

ಅಜ್ಜಿ ಒಲೆ ಮುಂದೆ ಕೂತರು. ಮಣ್ಣಿನ ಮಡಕೆಯಲ್ಲಿ ಬಿಸಿ ನೀರು, ಅದರಲ್ಲಿ ಹಿಡಿ ಗೂಡು. ಕವಲು ಇರುವ ಮರದ ಚಪ್ಪಟೆ ಕಡ್ಡಿಯಿಂದ ಗೂಡುಗಳನ್ನು ಮೆಲ್ಲಗೆ ಒತ್ತುತ್ತಾ ಎಳೆ ಎತ್ತಿದರು. ಮಡಕೆ ಮೇಲಿರುವ ಪುಟ್ಟ ರಾಟೆಗೆ ಒಂದು ಸುತ್ತು ಹಾಕಿ ಕೈಯಿಂದಲೇ ಎಳೆಯುತ್ತಾರೆ. ನಮ್ಮಲ್ಲಿ ನೂಲು ರೀಲಿಗೆ ಸುತ್ತಿಕೊಳ್ಳುತ್ತದೆ, ಇಲ್ಲಿ ಪಕ್ಕದ ಬುಟ್ಟಿಗೆ ಸುಮ್ನೆ ಬೀಳುತ್ತಾ ಹೋಗುತ್ತದೆ, ಸಿಕ್ಕಾಗುವುದಿಲ್ಲ. ಗೂಡಿನ ಮೇಲ್ಪದರದ ಒರಟು ನೂಲು ಬೇರೆ, ಒಳಗಿನ ನಯವಾದ ನೂಲು ಬೇರೆ. ಎಷ್ಟು ಗೂಡು ಸೇರಿಸಿದರು ಅಂತ ಎಣಿಸುವುದಿಲ್ಲ. ಹೆಬ್ಬೆರಳಿಗೆ ನೂಲು ತೆಳ್ಳಗೆ ಅನಿಸಿದರೆ ಇನ್ನೆರಡು ಗೂಡು ಒಳಕ್ಕೆ ತಳ್ಳುತ್ತಾರೆ.

ನಮ್ಮ ರೀಲರ್ ತಡೆಯಲಾರದೆ ಅಬ್ಬಾಗೆ ವಿಡಿಯೋ ಕಾಲ್ ಮಾಡಿದ. ಶಿಡ್ಲಘಟ್ಟದ ಫಿಲೇಚರಿನಲ್ಲಿ, ಅಂದರೆ ನೂಲು ಬಿಚ್ಚುವ ಕಾರ್ಖಾನೆಯಲ್ಲಿ, ಅವರೂ ಕೆಲಸದ ಮೇಲೇ ಇದ್ದರು. ಮೊದಲ ಪ್ರಶ್ನೆಯೇ "ನೀರು ಎಷ್ಟು ಬಿಸಿ ಇಟ್ಟಿದ್ದಾರೆ ಕೇಳೋ!" ಅಜ್ಜಿಗೆ ಕೇಳಿದ. ಅವರು ಇವನ ಬೆರಳನ್ನೇ ಹಿಡಿದು ಮಡಕೆಯೊಳಗೆ ಅದ್ದಿಸಿದರು. "ಗೊತ್ತಾಯ್ತು ಅಬ್ಬಾ, ನಮ್ಮದಕ್ಕಿಂತ ಸ್ವಲ್ಪ ಕಮ್ಮಿ" ಅಂದ. ಆಮೇಲೆ ಅಜ್ಜಿ ಫೋನ್ ಕಿತ್ತುಕೊಂಡರು. ಆ ಕಡೆ ಸಾಲಾಗಿ ತಿರುಗುತ್ತಿದ್ದ ರೀಲುಗಳನ್ನು ಮುಖದ ಹತ್ತಿರ ಹಿಡಿದು ನೋಡಿದರು, ಮೊಮ್ಮಗಳನ್ನು ಕೂಗಿ ಕರೆದು ತೋರಿಸಿದರು. ಅಬ್ಬಾ ಉರ್ದುವಿನಲ್ಲಿ, ಅಜ್ಜಿ ಅವರ ಊರ ಭಾಷೆಯಲ್ಲಿ, ಇಬ್ಬರೂ ಹತ್ತು ನಿಮಿಷ ಮಾತಾಡಿದರು. ಅನುವಾದದ ಆ್ಯಪ್ ತೆಗೆಯುವ ಅಗತ್ಯವೇ ಬರಲಿಲ್ಲ. ಇಡೀ ಪ್ರವಾಸದಲ್ಲಿ ನನಗೆ ತುಂಬಾ ಇಷ್ಟವಾದ ಹೊತ್ತು ಇದು.

ನೂಲು ಬಿಚ್ಚಿ ಉಳಿದ ಪ್ಯೂಪಾವನ್ನು, ಅಂದರೆ ಗೂಡಿನೊಳಗೆ ಬೆಂದ ಹುಳವನ್ನು, ಅಜ್ಜಿ ಮಡಕೆಯಿಂದಲೇ ಎತ್ತಿ ಮೊಮ್ಮಗಳ ಬಾಯಿಗಿಟ್ಟರು. ಅಲ್ಲಿ ಅದು ಎಲ್ಲರೂ ತಿನ್ನುವ ತಿಂಡಿ, ಸಂತೆಯಲ್ಲಿ ಉಪ್ಪು ಹಾಕಿ ಹುರಿದು ಮಾರುತ್ತಾರೆ. ನಮ್ಮೂರಲ್ಲಿ ಎಣ್ಣೆಗೆ, ಮೀನಿನ ಮೇವಿಗೆ ಹೋಗುತ್ತದೆ. ಗೌರಿಬಿದನೂರಿನ ಇಬ್ಬರೂ ತಿಂದರು, ಕಡಲೆಬೀಜದ ರುಚಿ ಅಂದರು.

ಈಗ ನಾನು ನಿಜವಾಗಿ ಹೇಳಬೇಕಾದ ಮಾತು. ಅಜ್ಜಿ ಮೇಲಿಂದ ಒಂದು ಬಟ್ಟೆ ತಂದು ತೋರಿಸಿದರು. ಹುಳ ಅವರದು, ನೂಲು ಅವರದು, ಬಣ್ಣ ಅವರದು, ನೇಯ್ಗೆ ಸೊಸೆಯದು. ಬಟ್ಟೆ ಮೇಲೆ ಬಂಗಾರದ ಬಣ್ಣದ ನವಿಲು ಮುದ್ರೆ. ಥಾಯ್ ಸರ್ಕಾರ ರೇಷ್ಮೆಗೆ ಬಂಗಾರ, ಬೆಳ್ಳಿ, ನೀಲಿ, ಹಸಿರು ಅಂತ ನಾಲ್ಕು ಬಣ್ಣದ ನವಿಲು ಕೊಡುತ್ತದೆ. ಬಂಗಾರದ ನವಿಲು ಬೇಕಾದರೆ ನಾಡತಳಿ ಗೂಡಿನ ನೂಲಾಗಬೇಕು, ಕೈಯಲ್ಲೇ ಬಿಚ್ಚಿರಬೇಕು, ಕೈಮಗ್ಗದಲ್ಲೇ ನೇಯ್ದಿರಬೇಕು. ನೂಲು ಕೈಯಲ್ಲೇ ಬಿಚ್ಚಿದ್ದು ಅನ್ನುವುದು ಕೊಳ್ಳುವವರಿಗೂ ಗೊತ್ತಾಗುತ್ತದೆ.

ನಮ್ಮಲ್ಲಿ ಸಿಲ್ಕ್ ಮಾರ್ಕ್ ಇದೆ, ಅದು ಅಪ್ಪಟ ರೇಷ್ಮೆ ಹೌದೋ ಅಲ್ಲವೋ ಅಂತ ಹೇಳುತ್ತದೆ. ಒಳ್ಳೆಯದೇ. ಆದರೆ ಶಿಡ್ಲಘಟ್ಟದ ನೂಲು ಕಾಂಚೀಪುರಕ್ಕೆ ಹೋದರೆ ಕಾಂಚೀಪುರಂ ಸೀರೆ, ಧರ್ಮಾವರಕ್ಕೆ ಹೋದರೆ ಧರ್ಮಾವರಂ ಸೀರೆ. ನೇಯುವವರ ಹೆಸರು ಇರಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಅದರ ಜೊತೆ ನಮ್ಮೂರಿನ ಹೆಸರೂ ಒಂದು ಸಾಲು ಇದ್ದರೆ ಯಾರಿಗೂ ನಷ್ಟವಿಲ್ಲ, ಅಲ್ವಾ? ಜ್ವರಕ್ಕೆ, ಅಂದರೆ ಪೊರೆ ಬಿಡಲು, ಕೂತ ಹುಳ ಎದ್ದಾಗ ನಡುರಾತ್ರಿ ಎದ್ದು ಸೊಪ್ಪು ಹಾಕುವ ನನ್ನ ಅಮ್ಮ, ಬಿಸಿ ನೀರಲ್ಲಿ ಕೈ ಅದ್ದಿ ಅದ್ದಿ ಬೆರಳು ಬಿಳುಚಿಕೊಂಡ ಫಿಲೇಚರಿನ ಅಕ್ಕಂದಿರು, ಇವರು ಯಾವ ಸೀರೆಯ ಪೆಟ್ಟಿಗೆ ಮೇಲೂ ಇಲ್ಲ. ಇದು ನನಗೆ ತುಂಬಾ ನೋವು ಕೊಡುತ್ತದೆ.

ಇನ್ನೊಂದು ವಿಷಯ. 2025ರ ಜುಲೈಯಲ್ಲಿ ಥಾಯ್ಲೆಂಡ್ ಮತ್ತು ಕಾಂಬೋಡಿಯಾ ಗಡಿಯಲ್ಲಿ ಕಾದಾಟ ನಡೆದು ಸುರಿನ್ ಗಡಿ ಹಳ್ಳಿಗಳ ಜನ ಮನೆ ಬಿಟ್ಟು ಹೋಗಬೇಕಾಯಿತು. ಸುದ್ದಿ ಬಂದ ದಿನ ಎಲ್ಲರೂ ಒಬ್ಬರಿಗೊಬ್ಬರು ಫೋನ್ ಮಾಡಿದೆವು. ಅಜ್ಜಿಯ ಮೊಮ್ಮಗಳಿಂದ ಎರಡು ದಿನ ಬಿಟ್ಟು ಮೆಸೇಜ್ ಬಂತು: ಎಲ್ಲರೂ ಕ್ಷೇಮ, ಹುಳಕ್ಕೆ ಸೊಪ್ಪೂ ಹಾಕುತ್ತಿದ್ದೇವೆ ಅಂತ. ಅಲ್ಲಿಗೆ ಹೋಗುವ ಆಸೆ ಇರುವವರು ಗಡಿಯ ಪರಿಸ್ಥಿತಿ ತಿಳಿದುಕೊಂಡೇ ಟಿಕೆಟ್ ಮಾಡಿ.

ನಾವು ಊರಲ್ಲಿ ಒಂದು ಕೆಲಸ ಶುರು ಮಾಡಿದ್ದೇವೆ. ನಮ್ಮ ಮನೆಯ ಒಂದು ಲಾಟ್ ಗೂಡನ್ನು ಗೆಳೆಯನ ಫಿಲೇಚರಿನಲ್ಲಿ ಬೇರೆಯಾಗಿಯೇ ಬಿಚ್ಚಿಸಿ, ಆ ನೂಲಿನ ಲಡಿಗೆ ಒಂದು ಚೀಟಿ ಕಟ್ಟಿದ್ದೇವೆ. ಹುಳ ಮೇಯಿಸಿದವರ ಊರು, ನೂಲು ಬಿಚ್ಚಿದವರ ಹೆಸರು ಅದರಲ್ಲಿದೆ. ಈಗ ಬೇಕಾಗಿರುವುದು ಆ ಚೀಟಿಯನ್ನು ಸೀರೆಯವರೆಗೂ ತಲುಪಿಸಲು ಒಪ್ಪುವ ನೇಕಾರರು. ದೊಡ್ಡಬಳ್ಳಾಪುರ, ಧರ್ಮಾವರ, ಕಾಂಚೀಪುರ, ಎಲ್ಲಿಯವರಾದರೂ ಸರಿ, ನಿಮಗೆ ಗೊತ್ತಿರುವ ಮಗ್ಗದವರಿದ್ದರೆ ತಿಳಿಸಿ. ನೂಲು ತೆಗೆದುಕೊಂಡು ನಾವೇ ಬರುತ್ತೇವೆ.